ಗಾರ್ಡ್ ತಿರುಗಿಸಲು ಸ್ಪ್ಯಾನರ್ ಬೇಡದ 5 ಇಂಚಿನ ಗ್ರೈಂಡರ್: ಶೆಡ್ಡಿನಲ್ಲಿ ಬಳಸಿದ ಮೇಲಿನ ಮಾತು

ಕಬ್ಬಿಣ ಕತ್ತರಿಸುವ, ಉಜ್ಜುವ ಆಂಗಲ್ ಗ್ರೈಂಡರ್ ತಗೊಳ್ಳಲು ಹೋದಾಗ ನಮ್ಮವರು ಕೇಳುವುದು ಮೂರೇ ಪ್ರಶ್ನೆ. ಎಷ್ಟು ವಾಟ್, ಆರ್ಮೇಚರ್ (ಮೋಟರಿನೊಳಗೆ ತಿರುಗುವ ತಂತಿ ಸುತ್ತು) ತಾಮ್ರದ್ದೇ ತಾನೇ, ಸರ್ವಿಸ್ ಎಲ್ಲಿ ಸಿಗುತ್ತದೆ. ಗಾರ್ಡ್, ಅಂದರೆ ಡಿಸ್ಕನ್ನು ಅರ್ಧ ಮುಚ್ಚುವ ರಕ್ಷಣೆಯ ತಗಡಿನ ಬಗ್ಗೆ ಯಾರೂ ಕೇಳುವುದಿಲ್ಲ. ಅಂಗಡಿಯವರೂ ಹೇಳುವುದಿಲ್ಲ, ಬಾಕ್ಸ್ ಬಿಚ್ಚಿ, ಪ್ಲಗ್ ಹಾಕಿ, ಒಂದು ಸಲ ಗುಂಯ್ ಅನ್ನಿಸಿ "ಸೌಂಡ್ ನೋಡಿ ಸಾರ್" ಅಂದು ಬಿಲ್ ಬರೆಯುತ್ತಾರೆ. ನಾನು ಇಲ್ಲಿ ಉಲ್ಟಾ ಹೋಗುತ್ತೇನೆ. ಮೊದಲು ಗಾರ್ಡ್, ಆಮೇಲೆ ಸ್ವಿಚ್, ಕೊನೆಗೆ ಮೋಟರ್.

ನಮ್ಮದು ಶಿವಮೊಗ್ಗದಲ್ಲಿ ಗೇಟ್, ಗ್ರಿಲ್, ಶೀಟ್ ಛಾವಣಿ ಕೆಲಸದ ಸಣ್ಣ ಶೆಡ್ಡು. ಈ ಮೆಷಿನ್ 125 ಮಿ.ಮೀ ಡಿಸ್ಕಿನದು, ಅಂದರೆ ನಾವೆಲ್ಲ 5 ಇಂಚು ಅನ್ನುವುದು. 11,000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು), ಹೊಟ್ಟೆಯ ಕೆಳಗೆ ಒತ್ತಿ ಹಿಡಿಯುವ ಪ್ಯಾಡಲ್ ಸ್ವಿಚ್, ಗಾರ್ಡ್‌ಗೆ ಒಂದು ಪುಟ್ಟ ಲಿವರ್. ಕಂಪನಿ ಹೆಸರು ಬರೆಯುತ್ತಿಲ್ಲ. ಈ ತರಹದ ಲಿವರ್ ಗಾರ್ಡ್ ಈಗ ಹಲವು ಕಂಪನಿಗಳ ಸ್ವಲ್ಪ ದುಬಾರಿ ಮಾಡೆಲ್‌ಗಳಲ್ಲಿ ಬರುತ್ತದೆ, ನನಗೆ ಹೇಳಬೇಕಾಗಿರುವುದೂ ಅದರ ಬಗ್ಗೆಯೇ.

ಮೊದಲಿದ್ದ 4 ಇಂಚಿನ ಅಗ್ಗದ ಗ್ರೈಂಡರ್‌ಗಳಲ್ಲಿ ಗಾರ್ಡ್ ಹೇಗಿರುತ್ತದೆ ಅಂತ ಬಳಸಿದವರಿಗೆ ಗೊತ್ತು. ಒಂದು ಪಟ್ಟಿ, ಒಂದು ಸ್ಕ್ರೂ. ಬಲಗಡೆ ಕತ್ತರಿಸಿ ಎಡಗಡೆ ತಿರುಗಬೇಕು ಅಂದರೆ ಸ್ಕ್ರೂ ಸಡಿಲ ಮಾಡಬೇಕು, ಗಾರ್ಡ್ ತಿರುಗಿಸಬೇಕು, ಮತ್ತೆ ಬಿಗಿ ಮಾಡಬೇಕು. ಸ್ಕ್ರೂಡ್ರೈವರ್ ಕೈಗೆ ಸಿಗುವುದಿಲ್ಲ. ಸಿಕ್ಕರೂ ಸ್ಕ್ರೂ ತಲೆ ಸವೆದು ನುಣ್ಣಗಾಗಿರುತ್ತದೆ. ಏಣಿ ಮೇಲೆ ನಿಂತು ಛಾವಣಿ ಹೊರುವ ಟ್ರಸ್ ಕತ್ತರಿಸುವವನು ಇದಕ್ಕೆಲ್ಲ ಕೆಳಗಿಳಿಯುತ್ತಾನಾ? ಇಳಿಯುವುದಿಲ್ಲ. ಗಾರ್ಡ್ ತೆಗೆದು ಮೂಲೆಗೆ ಎಸೆಯುತ್ತಾನೆ. ಯಾವ ಶೆಡ್ಡಿಗೆ ಬೇಕಾದರೂ ಹೋಗಿ ನೋಡಿ, ಗೋಡೆಯ ಒಂದು ಮೊಳೆಗೆ ನಾಲ್ಕೈದು ಗಾರ್ಡ್ ನೇತಾಡುತ್ತಿರುತ್ತವೆ, ಹೊಸದರ ಹಾಗೆ ಹೊಳೆಯುತ್ತಾ. ಹುಡುಗರಿಗೆ ಬುದ್ಧಿ ಇಲ್ಲ ಅಂತ ಬೈಯುವುದು ಸುಲಭ. ನನ್ನ ಪ್ರಕಾರ ಅರ್ಧ ತಪ್ಪು ಆ ಸ್ಕ್ರೂ ಇಟ್ಟವನದ್ದು. ದಿನಕ್ಕೆ ಹತ್ತಾರು ಸಲ ತಿರುಗಿಸಬೇಕಾದ ವಸ್ತುವಿಗೆ ಸ್ಕ್ರೂ ಇಟ್ಟರೆ ಅದನ್ನು ಬಿಚ್ಚಿಯೇ ಇಡುತ್ತಾರೆ.

ಈ ಹೊಸದರಲ್ಲಿ ಲಿವರ್ ಒತ್ತಿ ಹಿಡಿದರೆ ಗಾರ್ಡ್ ಟಕ್ ಟಕ್ ಅಂತ ಹಲ್ಲು ಹಲ್ಲಾಗಿ ತಿರುಗುತ್ತದೆ, ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಚರ್ಮದ ಗ್ಲೌಸ್ ಹಾಕಿದ ಕೈಯಲ್ಲೂ ಆಗುತ್ತದೆ. ಪ್ಲಗ್ ಕಿತ್ತೇ ಮಾಡಬೇಕು ಅನ್ನುವುದು ಬೇರೆ ಮಾತು, ಅದನ್ನೂ ಸೇರಿಸಿದರೂ ಅರ್ಧ ನಿಮಿಷ ಸಾಕು. ಮಳೆಗಾಲ ಪೂರ್ತಿ ಬಳಸಿದ್ದೇವೆ, ಕಬ್ಬಿಣದ ಧೂಳು ತುಂಬಿ ಒಮ್ಮೊಮ್ಮೆ ಲಿವರ್ ಬಿಗಿಯಾಗುತ್ತದೆ, ಬ್ರಷ್‌ನಲ್ಲಿ ಉಜ್ಜಿದರೆ ಸರಿಹೋಗುತ್ತದೆ. ಮುಖ್ಯ ಸಂಗತಿ ಅಂದರೆ ಈ ಮೆಷಿನ್ನಿನ ಗಾರ್ಡ್ ಇವತ್ತಿಗೂ ಮೆಷಿನ್ ಮೇಲೇ ಇದೆ. ನಾನು ಯಾರಿಗೂ ಭಾಷಣ ಮಾಡಿಲ್ಲ. ತೆಗೆಯುವ ಅಗತ್ಯ ಬೀಳಲಿಲ್ಲ, ಅಷ್ಟೇ.

ಇಷ್ಟೊಂದು ಗಾರ್ಡ್ ಗಾರ್ಡ್ ಅನ್ನುವುದು ಯಾಕೆ ಅಂತ ಕೇಳುವವರಿಗೆ ಸಣ್ಣ ಲೆಕ್ಕ. 125 ಮಿ.ಮೀ ಡಿಸ್ಕ್ 11,000 ಆರ್‌ಪಿಎಂನಲ್ಲಿ ತಿರುಗುವಾಗ ಅದರ ಅಂಚು ಸೆಕೆಂಡಿಗೆ 72 ಮೀಟರ್ ಓಡುತ್ತಿರುತ್ತದೆ. ಗಂಟೆಗೆ ಹೇಳುವುದಾದರೆ ಸುಮಾರು 259 ಕಿ.ಮೀ. ನಮ್ಮ ವಂದೇ ಭಾರತ್ ರೈಲು ಕೂಡ ಅಷ್ಟು ಓಡುವುದಿಲ್ಲ. ಡಿಸ್ಕ್ ಒಡೆದರೆ ಚೂರು ಅದೇ ವೇಗದಲ್ಲಿ ಹೊರಡುತ್ತದೆ, ಹೊರಡುವ ದಿಕ್ಕು ಡಿಸ್ಕ್ ತಿರುಗುವ ಸಮತಟ್ಟಿನಲ್ಲೇ. ಕತ್ತರಿಸುವವನು ಗೆರೆ ಕಾಣಲಿ ಅಂತ ಮುಖವನ್ನು ಸರಿಯಾಗಿ ಅದೇ ಸಮತಟ್ಟಿಗೆ ತಂದು ಬಗ್ಗಿರುತ್ತಾನೆ.

ಡಿಸ್ಕ್ ಸುಮ್ನೆ ಒಡೆಯುತ್ತಾ ಅಂದರೆ ಇಲ್ಲ, ಅದಕ್ಕೆ ಕಾರಣ ಬೇಕು. ನಮ್ಮ ಕಡೆ ಒಂದು ಕಾರಣ ತೇವ. ಕತ್ತರಿಸುವ ಡಿಸ್ಕ್, ಅಂದರೆ ಕಟಿಂಗ್ ವೀಲ್, ಉಜ್ಜುವ ಹರಳುಗಳನ್ನು ರಾಳದ ಅಂಟಿನಲ್ಲಿ, ಮಧ್ಯೆ ಫೈಬರ್ ಬಲೆ ಇಟ್ಟು, ಒತ್ತಿ ಮಾಡಿದ್ದು. ಆ ಅಂಟು ತೇವ ಹೀರುತ್ತದೆ, ಕಾಲ ಕಳೆದ ಹಾಗೆ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಒಳ್ಳೆ ಡಿಸ್ಕಿನ ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದು ಎಕ್ಸ್‌ಪೈರಿ ದಿನಾಂಕ, ಸಾಮಾನ್ಯವಾಗಿ ತಯಾರಾದ ಮೇಲೆ 3 ವರ್ಷ. ಗುಳಿಗೆಗೆ ಮಾತ್ರ ಎಕ್ಸ್‌ಪೈರಿ ಅಂದುಕೊಂಡವರೇ ಜಾಸ್ತಿ. ಮಲೆನಾಡಿನ ಆಷಾಢದಲ್ಲಿ ಸಿಮೆಂಟ್ ನೆಲದ ಮೇಲೆ ಬಿಟ್ಟ ಡಿಸ್ಕ್ ಹೇಗಿರಬಹುದು ಅಂತ ನೀವೇ ಯೋಚಿಸಿ. ನಾವು ಈಗ ಮುಚ್ಚಳದ ಡಬ್ಬಿಯಲ್ಲಿ, ಚಪ್ಪಟೆಯಾಗಿ ಇಡುತ್ತೇವೆ.

ಇನ್ನೊಂದು ಕಾರಣ ತೇವಕ್ಕಿಂತ ಕೆಟ್ಟದ್ದು, ಪೂರ್ತಿ ಮನುಷ್ಯರ ಕೈಯದ್ದು. 5 ಇಂಚಿನ ಮೆಷಿನ್ನಿನ ಡಿಸ್ಕಿಗೂ 7 ಇಂಚಿನ ಡಿಸ್ಕಿಗೂ ನಡುವಿನ ತೂತು ಒಂದೇ, 22.23 ಮಿ.ಮೀ. ಹಾಗಾಗಿ ಗಾರ್ಡ್ ತೆಗೆದರೆ 7 ಇಂಚಿನದು ಆರಾಮಾಗಿ ಕೂರುತ್ತದೆ. ಆಳ ಸಿಗುತ್ತದೆ ಅಂತ ಹಾಕುತ್ತಾರೆ. ಆದರೆ 7 ಇಂಚಿನ ಡಿಸ್ಕ್ ಮೇಲೆ ಬರೆದಿರುವ ಮಿತಿ 8,500 ಆರ್‌ಪಿಎಂ ಆಸುಪಾಸು. ಮೆಷಿನ್ ತಿರುಗಿಸುವುದು 11,000. ವೇಗ ಶೇ 30ರಷ್ಟು ಮಿತಿ ಮೀರಿದರೆ ಡಿಸ್ಕನ್ನು ಹರಿದು ಹಾಕುವ ಎಳೆತ ಸುಮಾರು ಶೇ 67ರಷ್ಟು ಜಾಸ್ತಿಯಾಗುತ್ತದೆ, ಯಾಕೆಂದರೆ ಅದು ವೇಗದ ವರ್ಗದ (ವೇಗ × ವೇಗ) ಲೆಕ್ಕದಲ್ಲಿ ಏರುತ್ತದೆ. ಗಾರ್ಡ್ ಇದ್ದಿದ್ದರೆ ಆ ಡಿಸ್ಕ್ ಒಳಗೇ ಹೋಗುತ್ತಿರಲಿಲ್ಲ. ಅಂದರೆ ಗಾರ್ಡ್ ಚೂರು ತಡೆಯುವುದಷ್ಟೇ ಅಲ್ಲ, ತಪ್ಪು ಅಳತೆಯ ಡಿಸ್ಕ್ ಹಾಕಲು ಬಿಡದ ಕಾವಲು ಕೂಡ ಹೌದು. ಈ ಉಪಯೋಗವನ್ನು ಯಾರೂ ಹೇಳುವುದನ್ನು ನಾನು ಕೇಳಿಲ್ಲ.

ನಮ್ಮ ಶೆಡ್ಡಿನಲ್ಲಿ ಒಂದು ಸಲ ಪರೀಕ್ಷೆಯೂ ಆಯಿತು. ಚೌಕ ಪೈಪ್ ಕತ್ತರಿಸುವಾಗ ತುದಿಗೆ ಆಸರೆ ಇರಲಿಲ್ಲ, ಪೈಪ್ ಬಗ್ಗಿ ಡಿಸ್ಕನ್ನು ಕಚ್ಚಿಕೊಂಡಿತು. ಮೆಷಿನ್ ಹಿಂದಕ್ಕೆ ಒದೆಯಿತು, ಡಿಸ್ಕಿನ ಅಂಚು ಮುರಿಯಿತು. ಗಾರ್ಡಿನ ಒಳಮೈಯಲ್ಲಿ ಒಂದು ಗೀರು, ಹೊರಗೆ ಸಣ್ಣ ಉಬ್ಬು. ಹುಡುಗನಿಗೆ ಏನೂ ಆಗಲಿಲ್ಲ. ಅವನು "ಅಣ್ಣ, ಇನ್ನೊಂದು ಡಿಸ್ಕ್ ಕೊಡಿ" ಅಂದ, ನನಗೇ ಕಾಲು ನಡುಗುತ್ತಿತ್ತು.

ಈಗ ಬೈಯುವ ಸರದಿ. ಬಾಕ್ಸ್ ಒಳಗೆ ಬರುವುದು ಗ್ರೈಂಡಿಂಗ್ ಗಾರ್ಡ್ ಮಾತ್ರ. ಅದು ಡಿಸ್ಕಿನ ಹಿಂಬದಿ ಮುಚ್ಚುತ್ತದೆ, ಮುಂಬದಿ ತೆರೆದಿರುತ್ತದೆ. ವೆಲ್ಡಿಂಗ್ ಉಬ್ಬು ಉಜ್ಜಲು ಅದು ಸರಿ. ಆದರೆ ತೆಳು ಕಟಿಂಗ್ ವೀಲ್ ಹಾಕಿದಾಗ ಎರಡೂ ಬದಿ ಮುಚ್ಚುವ ಬೇರೆ ಗಾರ್ಡ್ ಬೇಕು ಅಂತ ಅವರದೇ ಪುಸ್ತಕದಲ್ಲಿ ಬರೆದಿದೆ. ಬರೆದವರು ಬಾಕ್ಸ್‌ಗೆ ಯಾಕೆ ಹಾಕಲಿಲ್ಲ? ಅದನ್ನು ಬೇರೆ ದುಡ್ಡು ಕೊಟ್ಟು ತಗೊಳ್ಳಬೇಕು, ಊರಿನ ಅಂಗಡಿಗಳಲ್ಲಿ ಸ್ಟಾಕ್ ಇರುವುದಿಲ್ಲ, ಕೇಳಿದರೆ "ಅದೆಲ್ಲ ಯಾರೂ ಹಾಕಲ್ಲ ಸಾರ್" ಅನ್ನುತ್ತಾರೆ. ಕೊನೆಗೆ ಬೆಂಗಳೂರಿನ ಎಸ್‌ಜೆಪಿ ರಸ್ತೆಯಿಂದ ತರಿಸಿದೆ. ನಮ್ಮಂಥವರ ಕೆಲಸದಲ್ಲಿ ಮುಕ್ಕಾಲು ಪಾಲು ಕಟಿಂಗ್ ಇರುವಾಗ ಇದು ನೇರವಾಗಿ ಕಂಜೂಸುತನ. ಇದೊಂದಕ್ಕೇ ನಾನು ಒಂದು ಸ್ಟಾರ್ ಕಡಿಮೆ ಕೊಡುತ್ತೇನೆ.

ಗಾರ್ಡ್ ಅಡ್ಡ ಬರುವುದೇ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಗ್ರಿಲ್ಲಿನ ಒಳಮೂಲೆಯಲ್ಲಿ ಬರುತ್ತದೆ. ಹತ್ತಿರ ಹತ್ತಿರ ಇರುವ ಸರಳುಗಳ ನಡುವೆ ಬರುತ್ತದೆ. ಕಟಿಂಗ್ ಗಾರ್ಡ್ ಹಾಕಿದರೆ ಗೆರೆ ಸರಿಯಾಗಿ ಕಾಣುವುದಿಲ್ಲ, ಅದು ನಿಜವಾದ ತೊಂದರೆ. ಅಂಥ ಕಡೆ ನಾವು ಹ್ಯಾಕ್ಸಾ ಅಥವಾ ಫೈಲ್ ಹಿಡಿಯುತ್ತೇವೆ, ಇಲ್ಲದಿದ್ದರೆ ಜೋಡಿಸುವ ಮೊದಲೇ ಆ ತುದಿಗಳನ್ನು ಉಜ್ಜಿ ಇಡುತ್ತೇವೆ. ನಿಧಾನ ಆಗುತ್ತದೆ. ಗಿರಾಕಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುವಾಗ ಕಿರಿಕಿರಿಯೂ ಆಗುತ್ತದೆ.

ಸ್ವಿಚ್ ವಿಷಯ ಗಾರ್ಡಿನಷ್ಟೇ ದೊಡ್ಡದು, ನಮ್ಮ ಕರೆಂಟಿನ ಕಥೆ ಗೊತ್ತಲ್ವಾ. ಹಳೆ ಮೆಷಿನ್‌ಗಳಲ್ಲಿ ಸ್ಲೈಡ್ ಸ್ವಿಚ್ ಮುಂದೆ ತಳ್ಳಿದರೆ ಅಲ್ಲೇ ಲಾಕ್. ಕರೆಂಟ್ ಹೋಗುತ್ತದೆ, ಹುಡುಗರು ಮೆಷಿನ್ ನೆಲಕ್ಕಿಟ್ಟು ಟೀಗೆ ಹೋಗುತ್ತಾರೆ, ಸ್ವಿಚ್ ಆಫ್ ಮಾಡುವುದು ಯಾರ ನೆನಪಿಗೂ ಬರುವುದಿಲ್ಲ. ಕರೆಂಟ್ ಬಂದ ತಕ್ಷಣ ಮೆಷಿನ್ ತಾನಾಗಿ ಎದ್ದು ನೆಲದ ಮೇಲೆ ಓಡಾಡುತ್ತದೆ. ಈ ಮೆಷಿನ್ನಿನ ಪ್ಯಾಡಲ್ ಸ್ವಿಚ್ಚಿನಲ್ಲಿ ಇದು ಆಗುವುದಿಲ್ಲ, ಕೈ ತೆಗೆದರೆ ಆಫ್. ಕೆಲವು ಸ್ಲೈಡ್ ಸ್ವಿಚ್ ಮಾಡೆಲ್‌ಗಳಲ್ಲಿ ರೀಸ್ಟಾರ್ಟ್ ಪ್ರೊಟೆಕ್ಷನ್ ಅಂತ ಇರುತ್ತದೆ, ಕರೆಂಟ್ ವಾಪಸ್ ಬಂದರೂ ಸ್ವಿಚ್ ಒಮ್ಮೆ ಹಿಂದಕ್ಕೆ ಎಳೆದು ಮತ್ತೆ ತಳ್ಳುವವರೆಗೆ ತಿರುಗುವುದಿಲ್ಲ. ಪ್ಯಾಡಲ್ಲಿಗೆ ಇಡೀ ದಿನ ಒತ್ತಿ ಬೆರಳು ನೋಯುತ್ತದೆ ಅನ್ನುವ ದೂರು ಇದೆ, ನಮ್ಮವರೂ ಹೇಳುತ್ತಾರೆ. ನೋಯಲಿ ಬಿಡಿ. ಇನ್ನು, ಆಫ್ ಮಾಡಿದ ಮೇಲೂ ಡಿಸ್ಕ್ ಕೆಲವು ಸೆಕೆಂಡ್ ತಿರುಗುತ್ತಲೇ ಇರುತ್ತದೆ, ಈ ಮಾಡೆಲಿನಲ್ಲಿ ಬ್ರೇಕ್ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮೋಟರ್ ಚೆನ್ನಾಗಿದೆ. ಬಿಸಿ ಆಗುತ್ತದೆ, ಎಲ್ಲವೂ ಆಗುತ್ತವೆ. ಮೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಹೊರಗಿನಿಂದಲೇ ಬದಲಾಯಿಸಬಹುದು. ಸೈಡ್ ಹ್ಯಾಂಡಲ್ ಗಟ್ಟಿ, ಅದನ್ನೂ ದಯವಿಟ್ಟು ಬಿಚ್ಚಿಡಬೇಡಿ.

ಮರಗೆಲಸದವರಿಗೆ ಎರಡು ಮಾತು, ಯಾಕೆಂದರೆ ಈ ಮೆಷಿನ್ ನೋಡಿ ಪಕ್ಕದ ಅಂಗಡಿಯವರು ಹಲ್ಲಿನ ಬ್ಲೇಡ್ ಹಾಕಬಹುದಾ ಅಂತ ಕೇಳಿದರು. ಬೇಡ. ಗ್ರೈಂಡರ್ ಪುಸ್ತಕಗಳಲ್ಲೇ ಹಲ್ಲಿರುವ ಗರಗಸದ ಬ್ಲೇಡ್ ಹಾಕಬಾರದು, ಅದು ಪದೇ ಪದೇ ಒದೆಯುತ್ತದೆ ಅಂತ ಸ್ಪಷ್ಟವಾಗಿ ಇದೆ. ಹಲ್ಲು ಮರದ ಗಂಟಿಗೆ ಸಿಕ್ಕಿದರೆ ಮೆಷಿನ್ ಹಾರಿ ಎದೆಗೋ ತೊಡೆಗೋ ಬರುತ್ತದೆ. ಮಾರ್ಬಲ್ ಕಟರನ್ನು ಉಲ್ಟಾ ಮಾಡಿ ಪ್ಲೈವುಡ್ ಹಲಗೆಗೆ ಬಿಗಿದು, ಗಾರ್ಡ್ ಕಿತ್ತು, ಸ್ವಿಚ್ಚಿಗೆ ದಾರ ಕಟ್ಟಿ ಟೇಬಲ್ ಸಾ ಮಾಡಿಕೊಳ್ಳುವುದಂತೂ ಇನ್ನೂ ಭಯಂಕರ. ಸರಿಯಾದ ಟೇಬಲ್ ಸಾನಲ್ಲಿ ಬ್ಲೇಡಿನ ಹಿಂದೆ ರಿವಿಂಗ್ ನೈಫ್ ಅಂತ ತೆಳು ತಗಡು ಇರುತ್ತದೆ, ಸೀಳಿದ ಮರ ಮತ್ತೆ ಕೂಡಿ ಬ್ಲೇಡ್ ಕಚ್ಚದ ಹಾಗೆ. ಉಲ್ಟಾ ಕಟರಿನಲ್ಲಿ ಅದೂ ಇಲ್ಲ. ಅಮೆರಿಕದ ಸಾಸ್ಟಾಪ್ ಅನ್ನುವ ಟೇಬಲ್ ಸಾ ಬೆರಳು ತಗುಲಿದ ಕೂಡಲೇ ಕೆಲವೇ ಮಿಲಿಸೆಕೆಂಡಿನಲ್ಲಿ ಬ್ಲೇಡ್ ನಿಲ್ಲಿಸುತ್ತದೆ. ಅದರ ಬೆಲೆಗೆ ನಮ್ಮ ಇಡೀ ಶೆಡ್ಡೇ ಬಂದೀತು, ಹಾಗಾಗಿ ಅದರ ಕನಸು ಬಿಟ್ಟು ಇರುವ ಗಾರ್ಡ್ ಇಟ್ಟುಕೊಳ್ಳುವುದು ವಾಸಿ.

ಓನರ್‌ಗಳು ಓದುತ್ತಿದ್ದರೆ ಇದನ್ನೂ ನೋಡಿ. ಕೆಲಸದಲ್ಲಿ ಗಾಯವಾದವರಿಗೆ ದುಡ್ಡು ಕೊಡಿಸುತ್ತಿದ್ದ 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಬೆರಳುಗಳಿಗೆ ಲೆಕ್ಕ ಹಾಕಿಟ್ಟಿದ್ದರು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 30 ಹೋಯಿತು ಅಂತ. ತೋರುಬೆರಳು ಪೂರ್ತಿ ಹೋದರೆ ಶೇ 14, ನಡುಬೆರಳು 12, ಕಿರುಬೆರಳು 7. ವೆಲ್ಡರ್ ಒಬ್ಬನ ತೋರುಬೆರಳು ಹೋದರೆ ಅವನು ಶೇ 86 ವೆಲ್ಡರ್ ಆಗಿ ಉಳಿಯುತ್ತಾನಾ? ಆಯುಧ ಪೂಜೆ ದಿನ ಇದೇ ಮೆಷಿನ್‌ಗಳಿಗೆ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಕುಂಬಳಕಾಯಿ ಒಡೆಯುತ್ತೇವೆ. ಹೂ ಸಿಕ್ಕಿಸಲು ಗಾರ್ಡೇ ಇರುವುದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಅಗ್ಗದ 4 ಇಂಚಿನ ಮೆಷಿನ್ನಿಗೆ ಹೋಲಿಸಿದರೆ ಬೆಲೆ ಎರಡು ಪಟ್ಟಿಗೂ ಜಾಸ್ತಿ, ಮನೆಯಲ್ಲಿ ವರ್ಷಕ್ಕೊಮ್ಮೆ ಬಳಸುವವರಿಗೆ ಅಷ್ಟು ಬೇಕಾಗಿಲ್ಲ, ಸ್ಕ್ರೂ ಗಾರ್ಡನ್ನೇ ಬಿಚ್ಚದೆ ಇಟ್ಟುಕೊಂಡರೆ ಸಾಕು. ದಿನಾ ಕೆಲಸ ಮಾಡುವವರು ಅಂಗಡಿಯಲ್ಲೇ ಬಾಕ್ಸ್ ಬಿಚ್ಚಿಸಿ, ಪ್ಲಗ್ ಹಾಕುವ ಮೊದಲು ಗ್ಲೌಸ್ ಹಾಕಿದ ಕೈಯಲ್ಲಿ ಗಾರ್ಡ್ ತಿರುಗಿಸಿ ನೋಡಿ. ಕಟಿಂಗ್ ಗಾರ್ಡ್ ಅದೇ ದಿನ ಕೇಳಿ. ಕಂಪನಿ ಒಂದೇ ಆದರೂ ಮಾಡೆಲಿನಿಂದ ಮಾಡೆಲಿಗೆ ಗಾರ್ಡ್ ಕೂರುವ ಕುತ್ತಿಗೆಯ ಅಳತೆ, ಹಲ್ಲು ಬೇರೆ ಇರುತ್ತವೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಆರ್ಡರ್ ಕೊಡುವಾಗ ಮೆಷಿನ್ ಮೈಮೇಲಿನ ನೇಮ್‌ಪ್ಲೇಟಿನ ಫೋಟೋ ಕಳಿಸಿ.