ಮನೆ ಹುಡುಕಲು ಗಾಳಿಯ ನಕ್ಷೆ: ಮೈಸೂರಿನಲ್ಲಿ ‘ಗ್ಲೋಬಲ್ ವಿಂಡ್ ಅಟ್ಲಾಸ್’ ಎಷ್ಟು ಉಪಯುಕ್ತ?

ಮೈಸೂರಿನಲ್ಲಿ ಮನೆ ತೋರಿಸುವ ಬ್ರೋಕರ್ ಯಾರೇ ಆಗಿರಲಿ, ಬಾಗಿಲ ಬೀಗ ತೆಗೆಯುವ ಮುಂಚೆಯೇ ‘ಗಾಳಿ ಬೆಳಕು ಚೆನ್ನಾಗಿದೆ ಸಾರ್’ ಎಂದುಬಿಡುತ್ತಾರೆ. ಬೆಳಕನ್ನು ಅಲ್ಲಿಯೇ ನಿಂತು ನೋಡಿ ತೀರ್ಮಾನಿಸಬಹುದು; ಗಾಳಿಯ ವಿಷಯ ಹಾಗಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ ನೋಡಿ ಒಪ್ಪಿಕೊಂಡ ಮನೆ ಆಷಾಢದಲ್ಲಿ ಹೇಗಿರುತ್ತದೆ ಎಂಬುದು ತಿಳಿಯುವ ಹೊತ್ತಿಗೆ ಅಡ್ವಾನ್ಸ್ ಕೊಟ್ಟು, ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿ, ಹಾಲುಕ್ಕಿಸಿಯೂ ಆಗಿರುತ್ತದೆ. ಆದ್ದರಿಂದ ಈ ಸಲ ಮನೆ ಬದಲಿಸುವಾಗ ಬಾಡಿಗೆ, ನೀರು, ಪಾರ್ಕಿಂಗ್ ಇವುಗಳಿಗಿಂತ ಮೊದಲು ಗಾಳಿಯನ್ನೇ ಲೆಕ್ಕಕ್ಕೆ ಹಿಡಿದು ಹುಡುಕಲು ಹೊರಟೆ. ಅದಕ್ಕೆ ಬಳಸಿದ್ದು ‘ಗ್ಲೋಬಲ್ ವಿಂಡ್ ಅಟ್ಲಾಸ್’ ಎಂಬ ಉಚಿತ ಜಾಲತಾಣವನ್ನು.

ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯವು ವಿಶ್ವ ಬ್ಯಾಂಕಿನ ಜೊತೆಗೂಡಿ ಒದಗಿಸುತ್ತಿರುವ ಈ ನಕ್ಷೆ ಹುಟ್ಟಿದ್ದು ಮನೆ ಹುಡುಕುವವರಿಗಾಗಿ ಅಲ್ಲ. ನಮ್ಮಲ್ಲಿ ಚಿತ್ರದುರ್ಗದ ಜೋಗಿಮಟ್ಟಿ, ಗದಗದ ಕಪ್ಪತಗುಡ್ಡದಂತಹ ಕಡೆ ತಿರುಗುತ್ತಿರುವ ಗಾಳಿಯಂತ್ರಗಳನ್ನು ಎಲ್ಲಿ ನೆಟ್ಟರೆ ಲಾಭ ಎಂದು ಅಂದಾಜು ಮಾಡುವವರಿಗಾಗಿ ಇದನ್ನು ರೂಪಿಸಲಾಗಿದೆ. 2019ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಭೂಮಿಯನ್ನು 250 ಮೀಟರಿನ ಚೌಕಗಳಾಗಿ ವಿಂಗಡಿಸಿ, ನೆಲದಿಂದ 10, 50, 100, 150 ಮತ್ತು 200 ಮೀಟರ್ ಎತ್ತರಗಳಲ್ಲಿ ಗಾಳಿಯ ಸರಾಸರಿ ವೇಗವನ್ನು ಕೊಡಲಾಗಿದೆ. ಇದು ಪ್ರತಿಯೊಂದು ಜಾಗದಲ್ಲಿಯೂ ಕಂಬ ನೆಟ್ಟು ಅಳೆದ ವೇಗವಲ್ಲ. ಹಲವು ವರ್ಷಗಳ ಹವಾಮಾನದ ಲೆಕ್ಕಾಚಾರಕ್ಕೆ ನೆಲದ ಏರುತಗ್ಗನ್ನೂ, ಮರ ಮತ್ತು ಕಟ್ಟಡಗಳು ಗಾಳಿಗೆ ಒಡ್ಡುವ ತಡೆಯನ್ನೂ ಸೇರಿಸಿ ಕಂಪ್ಯೂಟರ್ ಕಟ್ಟಿದ ಅಂದಾಜು. ಇದನ್ನು ನೆನಪಿನಲ್ಲಿಟ್ಟುಕೊಂಡವರಿಗೆ ಮಾತ್ರ ಈ ನಕ್ಷೆಯಿಂದ ಪ್ರಯೋಜನವಿದೆ.

ತಾಣ ತೆರೆದ ಕೂಡಲೇ ಕಾಣುವುದು 100 ಮೀಟರ್ ಎತ್ತರದ ಗಾಳಿ. ಮೈಸೂರಿನಲ್ಲಿ ಆ ಎತ್ತರದಲ್ಲಿ ಯಾರೂ ಸಂಸಾರ ಮಾಡುತ್ತಿಲ್ಲ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ ಎತ್ತರವನ್ನು 10 ಮೀಟರಿಗೆ ಇಳಿಸುವುದು. ಅದು ಹೆಚ್ಚುಕಡಿಮೆ ಮೂರನೆಯ ಮಹಡಿಯ ಕಿಟಕಿಯ ಮಟ್ಟ. ಎರಡನೆಯದು, ನಕ್ಷೆಯ ಮೇಲೆ ಚೌಕ ಎಳೆದಾಗ ಬದಿಯಲ್ಲಿ ಮೂಡುವ ದೊಡ್ಡ ಅಂಕಿಯನ್ನು ಇಡೀ ಬಡಾವಣೆಯ ಸರಾಸರಿ ಎಂದು ತಿಳಿಯಬಾರದು. ಅದು ಆರಿಸಿಕೊಂಡ ಪ್ರದೇಶದಲ್ಲಿ ಅತಿ ಹೆಚ್ಚು ಗಾಳಿ ಬೀಸುವ ಶೇಕಡ 10ರಷ್ಟು ಜಾಗದ ಸರಾಸರಿ. ಚಾಮುಂಡಿ ಬೆಟ್ಟವೂ ಸೇರುವಂತೆ ಚೌಕ ಎಳೆದರೆ ಬೆಟ್ಟದ ನೆತ್ತಿಯ ಗಾಳಿ ಕೆಳಗಿನ ಬೀದಿಗಳ ಲೆಕ್ಕಕ್ಕೂ ಬಂದು ಕುಳಿತುಬಿಡುತ್ತದೆ. ಗಾಳಿಯಂತ್ರದವರಿಗೆ ಬೇಕಾದದ್ದು ಅದೇ ಆಗಿರಬಹುದು. ಬಾಡಿಗೆಯವರು ಮಾತ್ರ ಬೆಟ್ಟವನ್ನು ಬಿಟ್ಟು ಸಣ್ಣ ಚೌಕ ಎಳೆಯುವುದು ಒಳ್ಳೆಯದು.

ನನ್ನ ದೃಷ್ಟಿಯಲ್ಲಿ ಈ ತಾಣದ ನಿಜವಾದ ಬೆಲೆ ಇರುವುದು ವೇಗದ ಅಂಕಿಯಲ್ಲಿ ಅಲ್ಲ, ವಿಂಡ್ ರೋಸ್ ಎಂಬ ದಿಕ್ಕಿನ ಚಿತ್ರದಲ್ಲಿ ಮತ್ತು ತಿಂಗಳುವಾರು ಏರಿಳಿತದ ಗೆರೆಯಲ್ಲಿ. ಮೈಸೂರಿನ ಮಟ್ಟಿಗೆ ಚಿತ್ರದ ದೊಡ್ಡ ಎಸಳುಗಳು ಚಾಚಿಕೊಂಡಿರುವುದು ಪಶ್ಚಿಮ ಮತ್ತು ನೈರುತ್ಯದ ಕಡೆಗೆ, ಅಂದರೆ ಗಾಳಿ ಹೆಚ್ಚಾಗಿ ಬರುವುದು ಆ ದಿಕ್ಕುಗಳಿಂದ. ಜೂನ್‌ನಿಂದ ಆಗಸ್ಟ್‌ವರೆಗೆ ಗೆರೆ ಮೇಲೇರಿ, ಅಕ್ಟೋಬರ್ ಹೊತ್ತಿಗೆ ಇಳಿಯುತ್ತದೆ. ಕೊಡಗಿನ ಬೆಟ್ಟಗಳನ್ನು ದಾಟಿ ಬರುವ ಮುಂಗಾರು ಮಾರುತವನ್ನು, ಆಷಾಢದಲ್ಲಿ ಗಾಳಿಪಟ ಹಾರಿಸಿದ ಯಾವ ಹುಡುಗನೂ ಬಲ್ಲ. ಚಳಿಗಾಲದಲ್ಲಿ ಪೂರ್ವ ಮತ್ತು ಈಶಾನ್ಯದಿಂದ ಬರುವ ಗಾಳಿ ಅಷ್ಟು ಜೋರಿನದಲ್ಲ. ಈ ಒಂದು ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಮನೆ ನೋಡಲು ಹೋದರೆ ಬ್ರೋಕರ್ ಹೇಳದ ಹಲವು ಸಂಗತಿಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಪಶ್ಚಿಮದ ಗೋಡೆಯಲ್ಲಿ ಕಿಟಕಿ ಇದೆಯೇ? ಇದ್ದರೆ ಅದರ ಎದುರಿಗೆ, ಪೂರ್ವದಲ್ಲಿ, ಗಾಳಿ ಹೊರಹೋಗಲು ಇನ್ನೊಂದು ಕಿಟಕಿ ಇದೆಯೇ? ಸಜ್ಜಾ ಎಷ್ಟು ಮುಂದಕ್ಕೆ ಚಾಚಿದೆ? ಸಜ್ಜಾ ಗಿಡ್ಡವಾಗಿದ್ದರೆ ಜುಲೈನ ಸೋನೆಮಳೆ ಎರಚಲು ಹೊಡೆದು ಹಾಸಿಗೆಯವರೆಗೂ ಬರುತ್ತದೆ, ಆಗ ಬೇಕೆಂದು ಹುಡುಕಿದ ಗಾಳಿಯನ್ನೇ ಕಿಟಕಿ ಮುಚ್ಚಿ ಹೊರಗಿಡಬೇಕಾಗುತ್ತದೆ. ಪಶ್ಚಿಮಕ್ಕೆ ಖಾಲಿ ಸೈಟುಗಳ ಸಾಲಿದ್ದರೆ ಗಾಳಿಯ ಜೊತೆಗೆ ಮಣ್ಣೂ, ಪಾರ್ಥೇನಿಯಂ ಹೂವಿನ ಪರಾಗವೂ ಒಳಗೆ ಬರುತ್ತವೆ ಎಂಬುದನ್ನು ಅಸ್ತಮಾ ಇರುವವರ ಮನೆಯವರು ಮೊದಲೇ ಯೋಚಿಸಬೇಕು. ವಾಸನೆಯ ಪ್ರಶ್ನೆಗೂ ಇದೇ ಚಿತ್ರ ಉತ್ತರ ಕೊಡುತ್ತದೆ: ವಿದ್ಯಾರಣ್ಯಪುರಂನ ಸೂಯೇಜ್ ಫಾರಂ ಸುತ್ತಮುತ್ತ ಮನೆ ನೋಡುವವರಿಗೆ, ಅದರಿಂದ ಒಂದೇ ದೂರದಲ್ಲಿದ್ದರೂ ಪಶ್ಚಿಮದ ಬೀದಿ ಮತ್ತು ಪೂರ್ವದ ಬೀದಿ ಮಳೆಗಾಲದಲ್ಲಿ ಒಂದೇ ಅಲ್ಲ.

ಇಲ್ಲಿ ವಾಸ್ತುವಿನ ಮಾತು ಬರಲೇಬೇಕು. ನೈರುತ್ಯ ಮೂಲೆ ಭಾರವಾಗಿರಬೇಕು, ಅಲ್ಲಿ ತೆರವು ಇರಬಾರದು ಎಂಬ ನಂಬಿಕೆಯಿಂದ ಹಲವು ಮನೆಗಳಲ್ಲಿ ಆ ಮೂಲೆಗೆ ಬೀರು ನಿಲ್ಲಿಸಿ, ಕಿಟಕಿಯನ್ನು ಕಿರಿದು ಮಾಡಿರುತ್ತಾರೆ. ನಮ್ಮೂರಿನ ಅತ್ಯುತ್ತಮ ಗಾಳಿ ಬರುವುದು ಅದೇ ದಿಕ್ಕಿನಿಂದ. ನಂಬುವವರ ಜೊತೆ ನನಗೆ ತಕರಾರಿಲ್ಲ. ಆದರೆ ಪೂರ್ವಕ್ಕೋ ಉತ್ತರಕ್ಕೋ ಬಾಗಿಲಿರುವ ಮನೆಗಳಿಗೇ ಎಲ್ಲರೂ ಮುಗಿಬೀಳುವುದರಿಂದ, ಪಶ್ಚಿಮಕ್ಕೆ ತೆರೆದ ಮನೆಗಳಲ್ಲಿ ಚೌಕಾಶಿಗೆ ಜಾಗವಿರುತ್ತದೆ ಎಂಬುದನ್ನು ಗಾಳಿ ಬೇಕೆನ್ನುವವರು ತಿಳಿದಿದ್ದರೆ ಲಾಭ. ಬೇಸಿಗೆಯ ಸಂಜೆ ಬಿಸಿಲು ಆ ಗೋಡೆಯನ್ನು ಕಾಯಿಸುತ್ತದೆ ಎಂಬುದೂ ನಿಜವೇ.

ಇನ್ನು ನಕ್ಷೆ ಕೈಕೊಡುವ ಜಾಗ. 250 ಮೀಟರಿನ ಒಂದು ಚೌಕದೊಳಗೆ ನಮ್ಮ ಬಡಾವಣೆಗಳ ಹಲವು ಕ್ರಾಸ್‌ಗಳು ಅಡಗಿಹೋಗುತ್ತವೆ. ಮೂರನೆಯ ಕ್ರಾಸ್‌ಗೂ ಐದನೆಯ ಕ್ರಾಸ್‌ಗೂ ಇರುವ ವ್ಯತ್ಯಾಸವನ್ನು ಅದು ಹೇಳಲಾರದು, ಪಕ್ಕದ ಸೈಟಿನಲ್ಲಿ ನಿನ್ನೆ ಮೊನ್ನೆ ಎದ್ದ ನಾಲ್ಕು ಅಂತಸ್ತಿನ ಪಿಜಿ ಕಟ್ಟಡದ ಸುದ್ದಿಯೂ ಅದಕ್ಕೆ ತಿಳಿಯದು. ವಿಜಯನಗರದಲ್ಲಿ ನಾನು ನೋಡಿದ ಮೇಲಂತಸ್ತಿನ ಮನೆಯೊಂದರಲ್ಲಿ ಪಶ್ಚಿಮದ ಕಿಟಕಿ ತೆರೆದದ್ದೇ ತಡ, ಎದುರು ಗೋಡೆಯ ಕ್ಯಾಲೆಂಡರ್ ಮೊಳೆಯ ಸುತ್ತ ತಿರುಗಿ, ಅಡುಗೆಮನೆಯ ಬಾಗಿಲು ಧಡಾರನೆ ಬಡಿಯಿತು. ಹಿಂದಿನ ಬಾಡಿಗೆದಾರರು ಬಾಗಿಲ ಹಿಡಿಕೆಗೆ ಕಟ್ಟಿದ್ದ ನೈಲಾನ್ ಹಗ್ಗ ಇನ್ನೂ ನೇತಾಡುತ್ತಿತ್ತು. ಅದೇ ಕಟ್ಟಡದ ನೆಲಮಹಡಿಯಲ್ಲಿ, ಅಕ್ಕಪಕ್ಕದ ಗೋಡೆಗಳ ನಡುವೆ, ಎಲೆಯೂ ಅಲುಗುತ್ತಿರಲಿಲ್ಲ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಣ್ಣ. ಇಂತಹ ಕಡೆ ಒಂದು ಊದುಬತ್ತಿಯೇ ಸಾಕು: ಕಿಟಕಿಯ ಒಳಬದಿಯಲ್ಲಿ ಹಚ್ಚಿ ಹಿಡಿದಾಗ ಹೊಗೆ ನೇರ ಮೇಲೇರಿದರೆ ಆ ಕೋಣೆಗೆ ಫ್ಯಾನೇ ಗತಿ, ಅಡ್ಡಡ್ಡ ಸಾಗಿ ಎದುರಿನ ಕಿಟಕಿಯ ಕಡೆ ಹೊರಟರೆ ಗಾಳಿಗೆ ದಾರಿ ಇದೆ ಎಂದರ್ಥ.

ಹಳೆಯ ಬಡಾವಣೆಗಳ ಅನುಕೂಲವೂ ನಕ್ಷೆಯಲ್ಲಿ ಕಾಣದು. ಪ್ಲೇಗಿನ ಹಾವಳಿಯ ನಂತರ, 1903ರಲ್ಲಿ, ಮೈಸೂರಿನಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಸ್ಥಾಪನೆಯಾಯಿತು. ಆ ಪರಂಪರೆಯ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಕಸ ಕೊಳಕು ಸಾಗಿಸಲು ಬಿಟ್ಟ ಓಣಿ, ಉಳಿದಿದ್ದರೆ ಹಿತ್ತಿಲ ಕಿಟಕಿಗೂ ಗಾಳಿ ಸಿಗುತ್ತದೆ. ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಇಪ್ಪತ್ತು ಮೂವತ್ತರ ಸೈಟುಗಳ ಹೊಸ ಮನೆಗಳಿಗೆ ಆ ಭಾಗ್ಯವಿಲ್ಲ.

ಒಟ್ಟಿನಲ್ಲಿ ಯಾವ ಬಡಾವಣೆ, ಯಾವ ದಿಕ್ಕು ಎಂದು ಆರಿಸುವವರೆಗೆ ತಾಣವನ್ನು ನಂಬಬಹುದು. ಯಾವ ಮನೆ, ಯಾವ ಮಹಡಿ ಎಂಬುದಕ್ಕೆ ಕಾಲ್ನಡಿಗೆಯೇ ಬೇಕು. ನಾನು ಕೊನೆಗೆ ಒಪ್ಪಿದ್ದು ಕುವೆಂಪುನಗರದಲ್ಲಿ, ಪಶ್ಚಿಮಕ್ಕೆ ಪಾರ್ಕ್ ಇರುವ ಮೊದಲ ಮಹಡಿಯ ಮನೆಯನ್ನು.

ಒಂದು ಎಚ್ಚರಿಕೆ ಉಳಿದಿದೆ. ತಾಣ ಕೊಡುವುದು ಸರಾಸರಿಯನ್ನು. ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗುಮಳೆಯ ಮುಂದೆ ಬಂದು ಮರ ಉರುಳಿಸುವ ಬಿರುಗಾಳಿಯ ಸುಳಿವು ಅದರಲ್ಲಿ ಇಲ್ಲ. ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗ ಮೈಸೂರಿಗೆ ನಿಗದಿ ಮಾಡಿರುವ ಮೂಲ ವೇಗ (ಕಟ್ಟಡದ ವಿನ್ಯಾಸಕ್ಕೆ ಹಿಡಿಯುವ ಬಿರುಗಾಳಿಯ ವೇಗ) ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ದೇಶದ ಪಟ್ಟಿಯಲ್ಲಿ ಇದು ಅತಿ ಕಡಿಮೆ ದರ್ಜೆಯದೇ ಆದರೂ ತಾರಸಿಯ ಮೇಲೆ ಶೀಟಿನ ಚಾವಣಿ ಹಾಕಿಸುವವರು ವೆಲ್ಡಿಂಗ್‌ನವರಿಗೆ ಹೇಳಬೇಕಾದದ್ದು ಈ ಅಂಕಿಯನ್ನು, ನಕ್ಷೆಯ ಸರಾಸರಿಯನ್ನಲ್ಲ.