ಗೆಳೆಯರ ಮದುವೆಯಲ್ಲಿ ಸೆಕೆಂಡ್ ಕ್ಯಾಮೆರಾ ಹಿಡಿಯುವವರೇ, ಮೆಮೊರಿ ಕಾರ್ಡ್ ಯಾರ ಕೈಗೂ ಕೊಡಬೇಡಿ

ಮದುವೆ ಸೀಸನ್ ಬಂತು. ಕೈಯಲ್ಲೊಂದು ಒಳ್ಳೆ ಕ್ಯಾಮೆರಾ ಇದ್ದವರಿಗೆಲ್ಲ ಯಾರಾದರೂ ಗೆಳೆಯ "ಮಗಾ, ನೀನೂ ಕ್ಯಾಮೆರಾ ತಗೊಂಡ್ ಬಾ, ಸ್ಟುಡಿಯೋದವ್ರು ನಿಲ್ಸಿ ತೆಗೀತಾರೆ, ನೀನು ನಿನ್ ಪಾಡಿಗೆ ತೆಗಿ" ಅಂದೇ ಅಂದಿರುತ್ತಾನೆ. ಹೋಗಿ. ಮನಸ್ಸಿಟ್ಟು ತೆಗೆಯಿರಿ. ಆದರೆ ಊಟದ ಹೊತ್ತಿಗೆ ಸ್ಟುಡಿಯೋದವರು ನಗುನಗುತ್ತಾ ಬಂದು "ಕಾರ್ಡ್ ಕೊಡಿ ಸರ್, ಕಾಪಿ ಹಾಕ್ಕಂಡು ಕೊಡ್ತೀವಿ" ಅಂದರೆ ಕೊಡಬೇಡಿ. ಎಷ್ಟೇ ಮರ್ಯಾದೆಯಿಂದ ಕೇಳಿದರೂ ಕೊಡಬೇಡಿ.

ನನಗೇ ಹೀಗಾದದ್ದು ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ, ಗೆಳೆಯನ ಮದುವೆಯಲ್ಲಿ. ಸ್ಟುಡಿಯೋ ಮೈಸೂರಿನದು. ಹಿಂದಿನ ಸಂಜೆ ಆರತಕ್ಷತೆ, ಬೆಳಿಗ್ಗೆ ಧಾರೆ. ಗಂಡಿನ ಮನೆಯವರು ಮಾತಾಡಿದ್ದ ಪ್ಯಾಕೇಜಿನಲ್ಲಿ ಟ್ರೆಡಿಷನಲ್ ಫೋಟೋಗೆ ಒಬ್ಬರು, ವಿಡಿಯೋಗೆ ಒಬ್ಬರು, ನಿಲ್ಲಿಸದೆ ಸಹಜವಾಗಿ ತೆಗೆಯುವ ಕ್ಯಾಂಡಿಡ್‌ಗೆ ಒಬ್ಬರು, ಡ್ರೋನ್, 12×36 ಇಂಚಿನ 40 ಹಾಳೆಯ ಆಲ್ಬಂ. ಕ್ಯಾಂಡಿಡ್‌ಗೇ ಬೇರೆಯಾಗಿ 25,000 ರೂಪಾಯಿ. ಮಂಟಪಕ್ಕೆ ಬಂದಿಳಿದವರು ಯಾರು ಅಂದರೆ ಒಬ್ಬ ಫೋಟೋದವರು, ಒಬ್ಬ ವಿಡಿಯೋದವರು, ಲೈಟ್ ಹಿಡಿಯೋಕೆ ಒಬ್ಬ ಹುಡುಗ. ಕ್ಯಾಂಡಿಡ್ ತೆಗೆಯುವವರು ಬಂದಿರಲೇ ಇಲ್ಲ. ಇದು ನನಗೆ ಗೊತ್ತಾಗಿದ್ದು ಮದುವೆ ಎಲ್ಲ ಮುಗಿದ ಮೇಲೆ. ಆ ಹೊತ್ತಿನಲ್ಲಿ ಗೊತ್ತಿದ್ದದ್ದು ಇಷ್ಟೇ: ಸ್ಟುಡಿಯೋದವರು ಬಹಳ ಪ್ರೀತಿಯಿಂದ ಮಾತಾಡಿಸಿದರು, ಲೆನ್ಸ್ ಯಾವುದು ಅಂತ ಕೇಳಿದರು, "ನೀವು ಸೈಡಿಂದ ತೆಗೀರಿ ಸರ್, ನಾವು ಮುಂದೆ ಇರ್ತೀವಿ, ಒಬ್ರಿಗೊಬ್ರು ಅಡ್ಡ ಬರೋದ್ ಬ್ಯಾಡ" ಅಂದರು.

ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಕೆಲಸ ಹಂಚಿಕೊಳ್ಳುವುದು ಹೀಗೇ. ಮುಖ್ಯ ಫೋಟೋಗ್ರಾಫರ್ ಅಗಲಕ್ಕೆ ಹಿಡಿಯುವ 24–70 ಲೆನ್ಸ್ ಹಾಕಿಕೊಂಡು ಮಂಟಪದ ಎದುರು ನಿಲ್ಲುತ್ತಾರೆ, ಮಾಂಗಲ್ಯಧಾರಣೆ ತಪ್ಪಿಸುವ ಹಾಗಿಲ್ಲ. ಎರಡನೆಯವರು ದೂರದ್ದನ್ನು ಹತ್ತಿರಕ್ಕೆ ತರುವ 85 ಅಥವಾ 70–200 ಲೆನ್ಸ್ ಹಿಡಿದು ಪಕ್ಕಕ್ಕೆ ಹೋಗಿ, ವಿಡಿಯೋ ಚೌಕಟ್ಟಿನಿಂದ ಹೊರಗೆ ನಿಂತು, ಹೆಣ್ಣಿನ ತಾಯಿ ಮುಖ, ಅಂತರಪಟ ಸರಿಯುವಾಗ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುವ ಗಳಿಗೆ, ಜೀರಿಗೆ ಬೆಲ್ಲ ಇಡುವ ಕೈ, ಗಟ್ಟಿಮೇಳಕ್ಕೆ ಎದ್ದ ಅಕ್ಷತೆ ಇಂಥವನ್ನು ಹಿಡಿಯಬೇಕು. ಕಷ್ಟದ ಕೆಲಸವೇ. ವಿಡಿಯೋ ಲೈಟು ಹಗಲ ಬೆಳಕಿನ ಬಣ್ಣದ್ದು, 5600 ಕೆಲ್ವಿನ್ ಆಸುಪಾಸು. ಮಂಟಪದ ಅಲಂಕಾರದ ಬಲ್ಬು ಹಳದಿ. ಅವು ಎರಡೂ ಒಂದೇ ಮುಖದ ಮೇಲೆ ಬೀಳುತ್ತವೆ. ಬಣ್ಣ ಹೊಂದಿಸುವುದನ್ನು ಕ್ಯಾಮೆರಾಗೇ (ಆಟೋ ವೈಟ್ ಬ್ಯಾಲೆನ್ಸ್) ಬಿಟ್ಟುಕೊಟ್ಟರೆ ಒಂದೊಂದು ಫೋಟೋದಲ್ಲಿ ಒಂದೊಂದು ಮೈಬಣ್ಣ. ಹಿಂದೆ ಎಲ್‌ಇಡಿ ಪರದೆ ಇದ್ದರೆ ಇನ್ನೂ ಫಜೀತಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಪರದೆ ಅದರದ್ದೇ ಲೆಕ್ಕದಲ್ಲಿ ಮಿನುಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ (ಸೈಲೆಂಟ್) ಶಟರಿನಲ್ಲಿ ತೆಗೆದರೆ ಪಟ್ಟೆ ಪಟ್ಟೆ ಬರುತ್ತದೆ. ಮೆಕ್ಯಾನಿಕಲ್ ಶಟರ್ ಇಟ್ಟು ಅದರ ವೇಗ 1/100 ಸೆಕೆಂಡಿಗೆ ಇಳಿಸಿದರೇ ವಾಸಿ. ಜೊತೆಗೆ ಮುಖ್ಯ ಫೋಟೋಗ್ರಾಫರ್ ಫ್ಲಾಶ್ ಹೊಡೆಯುತ್ತಲೇ ಇರುತ್ತಾರೆ. ನೀವು 1/500 ಇಟ್ಟಿದ್ದರೆ ಅವರ ಫ್ಲಾಶ್ ನಿಮ್ಮ ಫೋಟೋದ ಒಂದು ಪಟ್ಟಿಗೆ ಮಾತ್ರ ಬಡಿದು ಉಳಿದದ್ದು ಕತ್ತಲೆ. ಫ್ಲಾಶ್ ಹೊತ್ತಿಸುವ ರಿಮೋಟ್ ಟ್ರಿಗರ್‌ನ ಚಾನೆಲ್ ಹೇಳಿದರೆ ಇಬ್ಬರೂ ಒಂದೇ ಲೈಟ್ ಬಳಸಬಹುದು. ನಾನು ಕೇಳಿದೆ. ಹೇಳಲಿಲ್ಲ. "ಬ್ಯಾಟ್ರಿ ಹೋಯ್ತದೆ ಸರ್" ಅಂದರು. ಲೈಟ್ ಕೊಡುವುದಕ್ಕೆ ಬ್ಯಾಟರಿ ಇರಲಿಲ್ಲ, ಫೋಟೋ ತಗೊಳ್ಳುವುದಕ್ಕೆ ಮಾತ್ರ ಕೈ ಬಂತು.

ಇಷ್ಟು ಕಷ್ಟಪಟ್ಟು ತೆಗೆದ ಫೋಟೋ ಅದು. ಅದಕ್ಕೇ ಹೊಟ್ಟೆ ಉರಿಯುವುದು.

ಧಾರೆ ಮುಗಿದು ಊಟದ ಪಂಕ್ತಿ ಎದ್ದಿತ್ತು. ಆಗ ಬಂದರು. "ಸರ್, ನಿಮ್ ಕ್ಯಾಮೆರಾ ಟೈಮು ನಮ್ ಕ್ಯಾಮೆರಾ ಟೈಮು ಮ್ಯಾಚ್ ಮಾಡ್ಬೇಕು, ಇಲ್ಲಾಂದ್ರೆ ಆಲ್ಬಂ ಜೋಡ್ಸೋವಾಗ ಹಿಂದುಮುಂದಾಗ್ತದೆ. ಕಾರ್ಡ್ ಕೊಟ್ಟು ಊಟ ಮಾಡ್ಕಂಡ್ ಬನ್ನಿ." ಇಲ್ಲೇ ಇರೋದು ಮೋಸ. ಟೈಮ್ ಹೊಂದಿಸುವುದು ನಿಜಕ್ಕೂ ಬೇಕಾದ ಕೆಲಸ. ಒಂದು ಕ್ಯಾಮೆರಾ 4 ನಿಮಿಷ ಮುಂದಿದ್ದರೆ ತಾಳಿ ಕಟ್ಟಿದ ಮೇಲೆ ಅಂತರಪಟ ಬಂದು ಕೂರುತ್ತದೆ. ಹಾಗಾಗಿ ಕೇಳಿದವರಿಗೆ ಮಾತು ಸರಿ ಅನ್ನಿಸುತ್ತದೆ. ಆದರೆ ಅದಕ್ಕೆ ಕಾರ್ಡ್ ಯಾಕೆ ಬೇಕು? ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಎರಡೂ ಕ್ಯಾಮೆರಾದಿಂದ ಒಂದೇ ಮೊಬೈಲ್ ಗಡಿಯಾರದ ಫೋಟೋ ಹೊಡೆದರೆ ಆಯಿತು. ವ್ಯತ್ಯಾಸ ಎಷ್ಟಿದೆಯೋ ಅಷ್ಟನ್ನು ಫೋಟೋ ಎಡಿಟ್ ಮಾಡುವ ತಂತ್ರಾಂಶ ಲೈಟ್‌ರೂಮ್‌ನಲ್ಲಿ ಒಂದೇ ಸಲಕ್ಕೆ ಎಲ್ಲ ಫೋಟೋಗೂ ಸರಿಪಡಿಸಬಹುದು. ಕಾರ್ಡಿಗೂ ಟೈಮಿಗೂ ಸಂಬಂಧವೇ ಇಲ್ಲ.

ಊಟ ಮುಗಿಸಿ ಬಂದಾಗ ಕಾರ್ಡ್ ಕೈಗೆ ಬಂತು. ಕ್ಯಾಮೆರಾಗೆ ಹಾಕಿ ನೋಡಿದರೆ ಒಂದು ಫೋಟೋನೂ ಇಲ್ಲ. ಖಾಲಿ. ಕೈಕಾಲು ತಣ್ಣಗಾಯಿತು. ಕೇಳಿದ್ದಕ್ಕೆ ಉಪಕಾರ ಮಾಡಿದವರ ಹಾಗೆ ಹೇಳಿದರು: "ಫಾರ್ಮ್ಯಾಟ್ ಹೊಡ್ದು ಕೊಟ್ಟಿದೀವಿ ಸರ್, ಹೆಣ್ ಒಪ್ಸೋ ಶಾಸ್ತ್ರಕ್ಕೆ ಜಾಗ ಬೇಕಲ್ವ? ಎಲ್ಲಾ ಸೇಫಾಗಿದೆ ನಮ್ತಾವ." ಬೇರೆಯವರ ಕಾರ್ಡನ್ನು ಕೇಳದೆ ಫಾರ್ಮ್ಯಾಟ್ ಮಾಡುವುದು ಈ ಕೆಲಸದಲ್ಲಿ ಇರುವವರು ಯಾರೂ ಮಾಡುವ ಕೆಲಸ ಅಲ್ಲ. ಕೆಲಸಕ್ಕೆ ಸೇರಿ ಒಂದು ವಾರ ಆದ ಹುಡುಗನೂ ಮಾಡಲ್ಲ. ಎರಡು ಕಡೆ ಕಾಪಿ ಆಗಿ, ತೆರೆದು ನೋಡಿ, ಆಮೇಲೆ ಕಾರ್ಡಿನ ಯಜಮಾನನೇ ತನ್ನ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಬೇಕು. ಇದು ಅವರಿಗೆ ಗೊತ್ತಿಲ್ಲ ಅಂತ ನಂಬಲೇ?

ಆಮೇಲೆ ಶುರುವಾಯಿತು ಅವರ ಉತ್ತರಗಳು. ಮೊದಲು "ಎಡಿಟಿಂಗ್ ನಡೀತೈತೆ ಸರ್". ಆಮೇಲೆ "ಹಾರ್ಡ್ ಡಿಸ್ಕ್ ಆಫೀಸಲ್ಲಿ ಇಲ್ಲ ಸರ್". ಕ್ಯಾಮೆರಾ ಬರೆದ ಮೂಲ ಫೈಲ್, ಅಂದರೆ ರಾ ಫೈಲ್ ಕೊಡಿ, ಎಡಿಟ್ ಬೇಡ ಅಂದದ್ದಕ್ಕೆ "ರಾ ನಾವು ಯಾರ್ಗೂ ಕೊಡಲ್ಲ ಸರ್, ಸ್ಟುಡಿಯೋ ಪಾಲಿಸಿ". ನನ್ನ ಕ್ಯಾಮೆರಾದ ರಾ ಫೈಲ್ ನನಗೆ ಕೊಡುವುದಕ್ಕೆ ಅವರ ಪಾಲಿಸಿ! ಕೊನೆಗೆ ಬಂದದ್ದು ಇದು, ಅಕ್ಷರ ಬಿಡದೆ ಬರೆಯುತ್ತಿದ್ದೇನೆ: "ನೀವು ಹವ್ಯಾಸಕ್ ತಾನೆ ಸರ್ ತೆಗ್ದಿದ್ದು? ನಾವು ಎಡಿಟ್ ಮಾಡಿದ್ಮೇಲೆ ಅದು ನಮ್ ಫೋಟೋನೇ. ಬುಡಿ, ಯಾಕ್ ತಲೆ ಕೆಡಿಸ್ಕತೀರ." ಅಷ್ಟರಲ್ಲಿ ಜೀರಿಗೆ ಬೆಲ್ಲದ ಫೋಟೋ ಅವರ ಇನ್‌ಸ್ಟಾಗ್ರಾಂ ಪುಟದಲ್ಲಿ, ಮೂಲೆಯಲ್ಲಿ ಅವರ ವಾಟರ್‌ಮಾರ್ಕ್ ಹೊತ್ತು ಕೂತಿತ್ತು.

ಇದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಗೆಳೆಯನ ತಂದೆ ಒಂದು ದಿನ ಕೇಳಿದ ಮಾತು. "ಏನಪ್ಪ, ನಿಂಗೂ ದುಡ್ಡು ಕೊಟ್ಟವ್ರಂತಲ್ಲ, ಫೋಟೋ ಯಾಕಿನ್ನೂ ಕೊಟ್ಟಿಲ್ಲ?" ಸಿಟ್ಟಿನಿಂದ ಕೇಳಲಿಲ್ಲ ಅವರು, ಬೇಜಾರಿನಿಂದ ಕೇಳಿದರು. ಸ್ಟುಡಿಯೋದವರು ಅವರಿಗೆ ಹೇಳಿದ್ದೇನೆಂದರೆ, ಕ್ಯಾಂಡಿಡ್ ತೆಗೆದದ್ದು ನಿಮ್ಮ ಹುಡುಗನ ಫ್ರೆಂಡೇ, ಅವರ ಪೇಮೆಂಟ್ ನಾವು ಮುಗಿಸಿದ್ದೇವೆ, ಫೋಟೋ ತಡ ಮಾಡ್ತಿರೋದು ಅವರೇ. ಆ 25,000ದಲ್ಲಿ ನನ್ನ ಕೈಗೆ ಒಂದು ರೂಪಾಯಿ ಬಂದಿಲ್ಲ. ಕೇಳಿಯೂ ಇಲ್ಲ. ಗೆಳೆಯನ ಮದುವೆಯಲ್ಲಿ ಕದ್ದು ದುಡ್ಡು ಹೊಡೆದವನು ಅನ್ನುವ ಹೆಸರು ಬಂತು. ಆ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ, ಅಲ್ಲಿ ನಿಂತು "ಇಲ್ಲ ಅಪ್ಪಾಜಿ, ನಾನು ತಗೊಂಡಿಲ್ಲ" ಅಂತ ಸಾಬೀತು ಮಾಡಬೇಕಾಯಿತು.

ಸಾಬೀತು ಮಾಡಲು ಆದದ್ದು ಎರಡನೇ ಕಾರ್ಡಿನಿಂದ. ಕ್ಯಾಮೆರಾದಲ್ಲಿ ಎರಡು ಸ್ಲಾಟ್ ಇದ್ದರೆ ದಯವಿಟ್ಟು ಒಂದು ತುಂಬಿದ ಮೇಲೆ ಇನ್ನೊಂದು ಅಂತ ಇಡಬೇಡಿ. ಒಂದರಲ್ಲಿ ರಾ, ಇನ್ನೊಂದರಲ್ಲಿ ಜೆಪೆಗ್, ಎರಡಕ್ಕೂ ಏಕಕಾಲಕ್ಕೆ ಬರೆಯುವ ಹಾಗೆ ಇಡಿ. ನಾನು ಹಾಗೆ ಇಟ್ಟಿದ್ದೆ. ಅವರು ತಗೊಂಡದ್ದು ಮೊದಲ ಸ್ಲಾಟಿನದು, ಎರಡನೆಯದರ ಬಾಗಿಲು ತೆರೆದೂ ನೋಡಿರಲಿಲ್ಲ. ಖಾಲಿಯಾಗಿ ಬಂದ ಕಾರ್ಡಿನಲ್ಲಿ ಮತ್ತೆ ಒಂದೂ ಫೋಟೋ ತೆಗೆಯದೆ ಪಕ್ಕಕ್ಕೆ ತೆಗೆದಿಟ್ಟು, ಹೊಸದೇನೂ ಬರೆಯಲಾಗದ ಹಾಗೆ ಅದರ ಮಗ್ಗುಲಿನ ಪುಟ್ಟ ಲಾಕ್ ಕೆಳಗೆ ಸರಿಸಿದೆ. ಸಾಮಾನ್ಯವಾಗಿ ಫಾರ್ಮ್ಯಾಟ್ ಅಳಿಸುವುದು ಫೈಲುಗಳ ಪಟ್ಟಿಯನ್ನು, ಮೇಲೆ ಹೊಸದು ಬರೆಯುವ ತನಕ ಒಳಗಿನ ಫೋಟೋ ಉಳಿದಿರುತ್ತದೆ. ಫೋಟೋರೆಕ್ ಅಂತ ಉಚಿತ ತಂತ್ರಾಂಶ ಇದೆ, ಅದರಲ್ಲಿ ಬಹುಪಾಲು ರಾ ವಾಪಸ್ ಬಂತು. ಫೈಲಿನ ಹೆಸರು ಹೋಗಿರುತ್ತದೆ, ಆದರೆ ತೆಗೆದ ಸಮಯ ಫೋಟೋದೊಳಗೇ ಇರುವುದರಿಂದ ಮತ್ತೆ ಸಾಲಾಗಿ ಜೋಡಿಸಬಹುದು. ವಾಪಸ್ ಬಂದದ್ದನ್ನು ಅದೇ ಕಾರ್ಡಿಗೆ ಉಳಿಸಬೇಡಿ, ಕಂಪ್ಯೂಟರಿಗೆ ಉಳಿಸಿ. ಮಾಂಗಲ್ಯಧಾರಣೆಯ ಕೆಲವು ರಾ ಮಾತ್ರ ಅರ್ಧಕ್ಕೆ ಬೂದು ಬಣ್ಣವಾಗಿ ಬಂದವು. ಅವು ಸ್ಟುಡಿಯೋದವರ ಹಾರ್ಡ್ ಡಿಸ್ಕಿನಲ್ಲೇ ಇವೆ.

ಇನ್ನೊಂದು ಸಾಕ್ಷಿ ಅವರೇ ಕೊಟ್ಟರು. ಆಲ್ಬಂಗೆ ಆರಿಸಿ ಅಂತ ಮನೆಯವರಿಗೆ ಕಳಿಸಿದ ಡ್ರೈವ್ ಲಿಂಕಿನಲ್ಲಿ ಫೋಟೋಗಳಿಗೆ ಹೊಸ ಹೆಸರಿಟ್ಟಿದ್ದರು, ಒಳಗಿನ ಮಾಹಿತಿ ಅಳಿಸಿರಲಿಲ್ಲ. ಆ ಮಾಹಿತಿ ತೋರಿಸುವ ತಂತ್ರಾಂಶ ಎಕ್ಸಿಫ್‌ಟೂಲ್‌ನಲ್ಲಿ ತೆರೆದರೆ ಕ್ಯಾಮೆರಾ ಮಾಡೆಲ್, ಲೆನ್ಸ್, ಬಾಡಿಯ ಸೀರಿಯಲ್ ನಂಬರ್ ಎಲ್ಲ ಹಾಗೇ ಇತ್ತು. ನನ್ನ ಕ್ಯಾಮೆರಾ ಬಿಲ್ಲಿನಲ್ಲಿರುವ ಅದೇ ನಂಬರ್. ವಾಟ್ಸಾಪಿನಲ್ಲಿ ಫೋಟೋ ಅಂತ ಬಂದರೆ ಈ ಮಾಹಿತಿ ಉಳಿಯುವುದಿಲ್ಲ, ಡಾಕ್ಯುಮೆಂಟ್ ಅಂತ ಅಥವಾ ಡ್ರೈವ್‌ನಲ್ಲಿ ತರಿಸಿಕೊಳ್ಳಿ. ಸೀರಿಯಲ್ ನಂಬರೆಲ್ಲ ಹಿರಿಯರಿಗೆ ಅರ್ಥವಾಗದಿದ್ದರೂ ಜೀರಿಗೆ ಬೆಲ್ಲದ ಆ ಫೋಟೋ ಅರ್ಥವಾಯಿತು. ಅದರಲ್ಲಿ ಹುಡುಗಿಯ ಹೆಗಲ ಹಿಂದೆ ಸ್ಟುಡಿಯೋ ಯಜಮಾನರೇ ಕ್ಯಾಮೆರಾ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ವಿಡಿಯೋದವರು, ಅವರ ಹಿಂದೆ ಲೈಟ್ ಹುಡುಗ. ಬಂದಿದ್ದ ಮೂವರೂ ಫೋಟೋದೊಳಗೇ ಇದ್ದರೆ ತೆಗೆದದ್ದು ಯಾರು? ಇದಕ್ಕೂ ಒಂದು ಉತ್ತರ ಬಂತು: "ನಮ್ದು ಇನ್ನೊಬ್ಬ ಹುಡ್ಗ ಇದ್ದ ಸರ್, ನೀವ್ ನೋಡಿಲ್ಲ." ಆ ಇನ್ನೊಬ್ಬ ಹುಡುಗನ ಹೆಸರು ಇವತ್ತಿನವರೆಗೂ ಹೇಳಿಲ್ಲ.

"ಎಡಿಟ್ ಮಾಡಿದ್ಮೇಲೆ ನಮ್ದೇ" ಅನ್ನುವುದು ಕಾನೂನಿನಲ್ಲಿ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅಂದರೆ ಅದನ್ನು ತೆಗೆದವರು. 17ನೇ ಸೆಕ್ಷನ್ ಪ್ರಕಾರ ಮೊದಲ ಹಕ್ಕೂ ಅವರದ್ದೇ. ಯಾರಾದರೂ ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಕರಾರು ಇಲ್ಲದಿದ್ದರೆ, ಹಕ್ಕು ತೆಗೆಸಿದವರದು. ಹಕ್ಕು ಬಿಟ್ಟುಕೊಡುವುದಾದರೆ ಬರವಣಿಗೆಯಲ್ಲಿ, ಸಹಿ ಸಮೇತ ಇರಬೇಕು ಅನ್ನುತ್ತದೆ 19ನೇ ಸೆಕ್ಷನ್. ಅಂದರೆ ಪುಕ್ಕಟೆಯಾಗಿ ತೆಗೆದ ಫೋಟೋ ನಮ್ಮದೇ. ಈಗ ಯೋಚನೆ ಮಾಡಿ, "ಅವ್ರಿಗೆ ಪೇಮೆಂಟ್ ಮಾಡಿದೀವಿ" ಅಂತ ಅವರು ಯಾಕೆ ಹೇಳಿದರು ಅಂತ. ಮನೆಯವರ ಹತ್ತಿರ ದುಡ್ಡೂ ಬಂತು, ಫೋಟೋನೂ ತಮ್ಮದು ಅನ್ನೋಕೆ ದಾರಿಯೂ ಆಯಿತು. ನನಗೆ ದುಡ್ಡು ಕೊಟ್ಟ ರಸೀದಿ ತೋರಿಸಿ ಅಂದರೆ ಫೋನ್ ಎತ್ತುತ್ತಿಲ್ಲ.

ಮಾಡಬೇಕಾದದ್ದು ಕಡಿಮೆ, ಆದರೆ ಮದುವೆಗೆ ಮುಂಚೆಯೇ ಮಾಡಬೇಕು. ಪ್ಯಾಕೇಜಿನಲ್ಲಿ ಕ್ಯಾಂಡಿಡ್ ಇದೆಯಾ, ಅವರ ಹೆಸರೇನು ಅಂತ ಗೆಳೆಯನನ್ನೇ ಕೇಳಿ. ಮದುವೆ ಮಾತು, ಕೇಳೋಕೆ ಸಂಕೋಚ ಅನ್ನಬೇಡಿ. ನಾನು ದುಡ್ಡಿಲ್ಲದೆ ತೆಗೆಯುತ್ತಿದ್ದೇನೆ, ಫೋಟೋ ನೇರವಾಗಿ ನಿಮಗೇ ಕೊಡುತ್ತೇನೆ ಅಂತ ಗಂಡು ಹೆಣ್ಣು ಎರಡೂ ಮನೆಯವರು ಇರುವ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿಡಿ. ಸ್ಟುಡಿಯೋದವರಿಗೆ ನಿಮ್ಮ ಫೋಟೋ ಬೇಕಾದರೆ ಅವರ ಕಾರ್ಡ್ ತಂದು ನಿಮ್ಮ ಕ್ಯಾಮೆರಾಗೆ ಹಾಕಲಿ, ಆಗ ವ್ಯವಹಾರ ಬೇರೆ, ಅದಕ್ಕೆ ಎಷ್ಟು ಕೊಡುತ್ತಾರೆ ಅಂತ ಮೊದಲೇ ಬರೆದುಕೊಡಲಿ. ನಿಮ್ಮ ಕಾರ್ಡಿನಿಂದಲೇ ಕಾಪಿ ಬೇಕು ಅಂತ ಹಟ ಹಿಡಿದರೆ ಪಕ್ಕದಲ್ಲೇ ಕೂತು ಮಾಡಿಸಿ. 64 ಜಿಬಿ ತುಂಬಿದ ಕಾರ್ಡ್ ಒಳ್ಳೆ ರೀಡರ್‌ನಲ್ಲಿ 12 ನಿಮಿಷ, ಹಳೇ ಲ್ಯಾಪ್‌ಟಾಪಿನಲ್ಲಿ ಅರ್ಧ ಗಂಟೆಯ ಮೇಲೆ. ಊಟ ಎರಡನೇ ಪಂಕ್ತಿಗೆ ಹೋಗಲಿ. ಲಾಕ್ ಹಾಕಿದ ಕಾರ್ಡನ್ನೇ ಕೊಡಿ, ಆಕಸ್ಮಿಕವಾಗಿ ಅಳಿಸಿತು ಅನ್ನುವ ಮಾತಿಗೆ ಎಡೆ ಇರುವುದಿಲ್ಲ. ಕ್ಯಾಮೆರಾ ಮೆನುವಿನಲ್ಲಿ ಕಾಪಿರೈಟ್ ಅಂತ ಒಂದು ಜಾಗ ಇರುತ್ತದೆ, ಅಲ್ಲಿ ನಿಮ್ಮ ಹೆಸರು ಬರೆದಿಡಿ, ಪ್ರತಿ ಫೋಟೋದೊಳಗೂ ಹೋಗಿ ಕೂರುತ್ತದೆ.

ಮದುವೆ ಮಾಡುವ ಮನೆಯವರಿಗೂ ಒಂದು ಮಾತು. ಆರತಕ್ಷತೆಯ ಸಂಜೆ ಸ್ಟುಡಿಯೋದವರು ಬಂದಾಗ ತಲೆ ಎಣಿಸಿ. ಬಿಲ್ಲಿನಲ್ಲಿ ಇರುವಷ್ಟು ಜನ ಬಂದಿದ್ದಾರಾ ನೋಡಿ. ಕಡಿಮೆ ಇದ್ದರೆ ಅಲ್ಲೇ ಹೇಳಿ, ಬಾಕಿ ದುಡ್ಡು ಕೊಡುವ ಮುಂಚೆ ಹೇಳಿ. ಅಡ್ವಾನ್ಸ್ ಕೊಟ್ಟ ರಸೀದಿ, ಕೊಟೇಶನ್, ವಾಟ್ಸಾಪ್ ಮಾತು ಯಾವುದನ್ನೂ ಅಳಿಸಬೇಡಿ. ಬಾರದ ಕ್ಯಾಂಡಿಡ್‌ನವರ ಹೆಸರಲ್ಲಿ ದುಡ್ಡು ತಗೊಂಡದ್ದು ಸೇವೆಯ ಕೊರತೆ, ಗ್ರಾಹಕರ ಆಯೋಗಕ್ಕೆ ಹೋಗಬಹುದು. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು.

ಗೆಳೆಯನ ಮನೆಯವರು ಈಗ ಬಿಲ್, ಡ್ರೈವ್‌ನಲ್ಲಿದ್ದ ಫೋಟೋಗಳು, ಸೀರಿಯಲ್ ನಂಬರಿನ ಪ್ರಿಂಟ್ ಎಲ್ಲ ಸೇರಿಸಿ ಸ್ಟುಡಿಯೋಗೆ ಅಂಚೆಯಲ್ಲಿ ನೋಟಿಸ್ ಕಳಿಸಿದ್ದಾರೆ. ಕೇಳಿರುವುದು ಎರಡೇ: 25,000 ವಾಪಸ್, ಮತ್ತೆ ಮಾಂಗಲ್ಯಧಾರಣೆಯ ರಾ ಫೈಲುಗಳು. ಉತ್ತರ ಬಂದಿಲ್ಲ. ಇನ್‌ಸ್ಟಾಗ್ರಾಂನಿಂದ ಆ ಫೋಟೋ ಮಾತ್ರ ತೆಗೆದಿದ್ದಾರೆ.