ಯಾರ ಮಾತು ಅಂತಿಮ? ಆರಂಭಿಕ ಆಧುನಿಕ ಯುಗದ ಕುರಿತ ಒಂದು ಉಪನ್ಯಾಸ ಸರಣಿ

ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ವಿಜ್ಞಾನ, ಧರ್ಮ ಮತ್ತು ನಾಯಕತ್ವದ ಕಲ್ಪನೆಗಳು ಹೇಗೆ ಬದಲಾದವು ಎಂಬುದನ್ನು ವಿವರಿಸುವ ಒಂದು ದೃಶ್ಯ ಉಪನ್ಯಾಸ ಸರಣಿಯನ್ನು ಈಚೆಗೆ ಪೂರ್ತಿಯಾಗಿ ನೋಡಿ ಮುಗಿಸಿದೆ. ಇದು ಚಂದಾ ಕಟ್ಟಿ ನೋಡುವ ಆನ್‌ಲೈನ್ ವೇದಿಕೆಯೊಂದರಲ್ಲಿದೆ. ವೇದಿಕೆಯ ಹೆಸರನ್ನಾಗಲಿ ಉಪನ್ಯಾಸಕರ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನನಗೆ ಹೇಳಬೇಕಾಗಿರುವುದು ಅವರ ವ್ಯಾಪಾರದ ಬಗ್ಗೆ ಅಲ್ಲ, ಪಾಠದ ಬಗ್ಗೆ.

ಈ ಬಗೆಯ ಪಾಠಗಳು ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಸಾಗುತ್ತವೆ. ಅವುಗಳಲ್ಲಿ ಚರ್ಚು ಕತ್ತಲೆ, ದೂರದರ್ಶಕ ಬೆಳಕು, ಅರಸರು ನಿರಂಕುಶರು. ಕೊನೆಗೆ ವಿಚಾರಶಕ್ತಿ ಗೆಲ್ಲುತ್ತದೆ. ಈ ಸರಣಿ ಆ ಜಾಡನ್ನು ಬಹುಮಟ್ಟಿಗೆ ಬಿಟ್ಟಿದೆ, ಮತ್ತು ಅದರ ಹೆಚ್ಚುಗಾರಿಕೆ ಇರುವುದೂ ಅಲ್ಲಿಯೇ. ವಿಜ್ಞಾನ, ಧರ್ಮ, ನಾಯಕತ್ವ ಎಂಬ ಮೂರನ್ನು ಬೇರೆ ಬೇರೆ ವಿಭಾಗಗಳಾಗಿ ಒಡೆಯದೆ, ವಿವಾದ ಹುಟ್ಟಿದಾಗ ಯಾರ ಮಾತು ಅಂತಿಮ, ಮತ್ತು ಆ ಅಧಿಕಾರ ಅವರಿಗೆ ಬಂದದ್ದು ಎಲ್ಲಿಂದ ಎಂಬ ಒಂದೇ ಪ್ರಶ್ನೆಯ ಮೂರು ಮುಖಗಳಾಗಿ ಉಪನ್ಯಾಸಕರು ನೋಡುತ್ತಾರೆ. ಈ ಪ್ರಶ್ನೆಯನ್ನು ಕೈಬಿಡದೆ ಹಿಡಿದ ಕಡೆಗಳಲ್ಲಿ ಪಾಠ ಅಪರೂಪದ ಎತ್ತರಕ್ಕೆ ಏರುತ್ತದೆ. ಮರೆತ ಕಡೆಗಳಲ್ಲಿ ಯಾವುದೇ ಪಠ್ಯಪುಸ್ತಕದ ಹಾಗೆ ಸಪ್ಪೆಯಾಗುತ್ತದೆ.

ಆರಂಭಕ್ಕೆ ಅವರು ಧರ್ಮಸುಧಾರಕ ಲೂಥರನನ್ನೋ ಖಗೋಳಜ್ಞ ಕೋಪರ್ನಿಕಸನನ್ನೋ ಆರಿಸಿಕೊಳ್ಳದೆ ಪಂಚಾಂಗವನ್ನು ಆರಿಸಿಕೊಂಡಿರುವುದು ಜಾಣ ಆಯ್ಕೆ. ಜೂಲಿಯನ್ ವರ್ಷವು ಸೌರವರ್ಷಕ್ಕಿಂತ ಸುಮಾರು 11 ನಿಮಿಷ ದೀರ್ಘವಾದ್ದರಿಂದ ಶತಮಾನಗಳು ಕಳೆದಂತೆ ಹಗಲು ರಾತ್ರಿ ಸಮನಾಗುವ ವಸಂತ ವಿಷುವವು ಮಾರ್ಚ್ 21ರಿಂದ 11ರ ಆಸುಪಾಸಿಗೆ ಸರಿದಿತ್ತು, ಅದರೊಂದಿಗೆ ಈಸ್ಟರ್ ಹಬ್ಬದ ಲೆಕ್ಕವೂ ತಪ್ಪುತ್ತಿತ್ತು. ಇದನ್ನು ಸರಿಪಡಿಸಲು 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿ ಅಕ್ಟೋಬರ್ 4ರ ಮರುದಿನವನ್ನೇ ಅಕ್ಟೋಬರ್ 15 ಎಂದು ಘೋಷಿಸಿದರು. ಆ ಲೆಕ್ಕಾಚಾರವನ್ನು ಸಮರ್ಥಿಸಿ ವಿವರಿಸಿದವರು ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಂಘದ ಗಣಿತಜ್ಞ ಕ್ಲಾವಿಯಸ್. ಖಗೋಳಶಾಸ್ತ್ರವು ಇಲ್ಲಿ ಚರ್ಚಿನ ಎದುರಾಳಿಯಾಗಿರಲಿಲ್ಲ, ಅದರ ಸೇವೆಯಲ್ಲಿಯೇ ಇತ್ತು. ಲೆಕ್ಕ ಸರಿಯೆಂದು ಒಪ್ಪುವ ವಿದ್ವಾಂಸರು ಪೋಪನ ಅಧಿಕಾರವನ್ನು ಒಪ್ಪದ ಪ್ರೊಟೆಸ್ಟಂಟ್ ನಾಡುಗಳಲ್ಲೂ ಇದ್ದರು. ಆದರೆ ಆಜ್ಞೆ ರೋಮಿನಿಂದ ಬಂದಿತ್ತು. ಹೀಗಾಗಿ ಜರ್ಮನಿಯ ಪ್ರೊಟೆಸ್ಟಂಟ್ ಸಂಸ್ಥಾನಗಳು 1700ರವರೆಗೆ, ಇಂಗ್ಲೆಂಡ್ 1752ರವರೆಗೆ ಹಳೆಯ ಪಂಚಾಂಗವನ್ನೇ ಹಿಡಿದುಕೊಂಡವು. ಒಂದೇ ಖಂಡದಲ್ಲಿ ಅಕ್ಕಪಕ್ಕದ ಊರುಗಳು ಬೇರೆ ಬೇರೆ ತಾರೀಖಿನಲ್ಲಿ ಬದುಕುತ್ತಿದ್ದವು ಎಂಬುದನ್ನು ತೋರಿಸಲು ಬಳಸಿರುವ ಚಲಿಸುವ ನಕಾಶೆ ಇಡೀ ಸರಣಿಯಲ್ಲೇ ಅತ್ಯುತ್ತಮ ದೃಶ್ಯಸಾಮಗ್ರಿ.

ಸರಣಿಯ ನಡುಭಾಗವೆಲ್ಲ ಕೋಪರ್ನಿಕಸ್ ಮತ್ತು ಗೆಲಿಲಿಯೊ ಅವರದು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದು ವಾದಿಸಿದ ಕೋಪರ್ನಿಕಸನ ಗ್ರಂಥ 1543ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. ಲೇಖಕನು ಚರ್ಚಿನ ಆಡಳಿತದಲ್ಲಿ ಹುದ್ದೆ ಹೊಂದಿದ್ದವನು, ಅರ್ಪಣೆ ಪೋಪ್ ಮೂರನೆಯ ಪೌಲನಿಗೆ. ಇದು ಕೇವಲ ಲೆಕ್ಕಕ್ಕಾಗಿ ಇಟ್ಟುಕೊಂಡ ಊಹೆಯೆಂದು ಹೇಳುವ ಸಹಿಯಿಲ್ಲದ ಮುನ್ನುಡಿಯನ್ನು ಸೇರಿಸಿದವನು ಲೂಥರ್ ಪಂಥದ ಪಾದ್ರಿ ಓಸಿಯಾಂಡರ್. ಈ ಪುಸ್ತಕವನ್ನು ರೋಮ್ ತಡೆಹಿಡಿದದ್ದು 1616ರಲ್ಲಿ, ಅದೂ ‘ತಿದ್ದುಪಡಿಯಾಗುವವರೆಗೆ’ ಎಂಬ ಷರತ್ತಿನೊಡನೆ. ನಡುವಿನ ಆ ಎಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಏನು ಬದಲಾಯಿತು ಎಂದು ಕೇಳಿ, ಅದಕ್ಕೆ ಉತ್ತರವಾಗಿ ಎರಡು ಉಪನ್ಯಾಸಗಳನ್ನು ಮೀಸಲಿಟ್ಟಿದ್ದಾರೆ. ಪ್ರೊಟೆಸ್ಟಂಟರಿಗೆ ಉತ್ತರವಾಗಿ ಸೇರಿದ ಟ್ರೆಂಟ್ ಮಹಾಸಭೆಯ ಬಳಿಕ ಧರ್ಮಗ್ರಂಥವನ್ನು ಅರ್ಥೈಸುವ ಹಕ್ಕು ಯಾರದು ಎಂಬುದು ಕ್ಯಾಥೊಲಿಕ್ ಚರ್ಚಿಗೆ ಜೀವನ್ಮರಣದ ಪ್ರಶ್ನೆಯಾಗಿತ್ತು. ಅಂಥ ಹೊತ್ತಿನಲ್ಲಿ ಗೆಲಿಲಿಯೊ ಎಂಬ ಗಣಿತಜ್ಞ, ದೇವಶಾಸ್ತ್ರದ ಯಾವ ಪದವಿಯೂ ಇಲ್ಲದೆ, 1613 ಮತ್ತು 1615ರ ತನ್ನ ಪತ್ರಗಳಲ್ಲಿ ಬೈಬಲನ್ನು ಹೇಗೆ ಓದಬೇಕೆಂದು ಹೇಳಹೊರಟ. ಭೂಮಿ ಚಲಿಸುತ್ತದೆ ಎಂದದ್ದಕ್ಕಿಂತ ಈ ಮಾತು ಹೆಚ್ಚು ಕೆರಳಿಸಿತು ಎಂಬ ಉಪನ್ಯಾಸಕರ ವಾದ ನನಗೆ ಒಪ್ಪಿಗೆಯಾಗುತ್ತದೆ.

ವಿಜ್ಞಾನದ ಒಳಗೇ ಇದ್ದ ಆಕ್ಷೇಪಗಳನ್ನು ಅವರು ಗೌರವದಿಂದ ನಡೆಸಿಕೊಂಡಿರುವುದನ್ನೂ ಮೆಚ್ಚಬೇಕು. ಭೂಮಿಯು ಸೂರ್ಯನನ್ನು ಸುತ್ತುವುದಾದರೆ ಆರು ತಿಂಗಳ ಅಂತರದಲ್ಲಿ ನಕ್ಷತ್ರಗಳ ಸ್ಥಾನ ತುಸುವಾದರೂ ಪಲ್ಲಟವಾಗಿ ಕಾಣಬೇಕಿತ್ತು. ಟೈಕೊ ಬ್ರಾಹೆಯಂಥ ನಿಖರ ವೀಕ್ಷಕನಿಗೂ ಅದು ಕಾಣಲಿಲ್ಲ. ಜರ್ಮನ್ ಖಗೋಳಜ್ಞ ಬೆಸೆಲ್ ಅದನ್ನು ಅಳೆದು ಪ್ರಕಟಿಸಿದ್ದು 1838ರಲ್ಲಿ. ಅಂದರೆ ಗೆಲಿಲಿಯೊವಿನ ವಿರೋಧಿಗಳೆಲ್ಲರೂ ಮೂಢರಲ್ಲ. ಅವನು ತನ್ನ ಬಲವಾದ ಪುರಾವೆಯೆಂದು ನಂಬಿದ್ದ ಸಮುದ್ರದ ಉಬ್ಬರವಿಳಿತದ ವಾದವಂತೂ ತಪ್ಪಾಗಿತ್ತು. ನಿಜವಾದ ಪುರಾವೆ ದೊರೆತರೆ ಧರ್ಮಗ್ರಂಥದ ಸಾಲುಗಳನ್ನು ಬೇರೆ ರೀತಿಯಲ್ಲಿ ಅರ್ಥೈಸಬೇಕಾದೀತು, ಆದರೆ ಅಂಥ ಪುರಾವೆಯನ್ನು ನನಗೆ ಯಾರೂ ತೋರಿಸಿಲ್ಲ ಎಂಬ ಅರ್ಥದಲ್ಲಿ ಕಾರ್ಡಿನಲ್ ಬೆಲರ್ಮೀನ್ 1615ರಲ್ಲಿ ಬರೆದ ಪತ್ರವನ್ನು ಪರದೆಯ ಮೇಲೆ ಇಟ್ಟುಕೊಂಡು ಸಾಲುಸಾಲಾಗಿ ಓದಿಸುವ ಭಾಗವನ್ನು ನಾನು ಎರಡನೆಯ ಬಾರಿ ನೋಡಿದೆ.

ಇಲ್ಲಿಯೇ ನನ್ನದೊಂದು ತಕರಾರಿದೆ. ಎಲ್ಲರಿಗೂ ನ್ಯಾಯ ಒದಗಿಸುವ ಉತ್ಸಾಹದಲ್ಲಿ ಉಪನ್ಯಾಸಕರ ದನಿ 1633ರ ವಿಚಾರಣೆಯ ಹೊತ್ತಿಗೆ ಅತಿಯಾಗಿ ಮೆತ್ತಗಾಗುತ್ತದೆ. ಪೋಪ್ ಎಂಟನೆಯ ಅರ್ಬನ್ ಹಿಂದೆ ಗೆಲಿಲಿಯೊವಿನ ಅಭಿಮಾನಿಯಾಗಿದ್ದದ್ದು, 1632ರ ಸಂವಾದಗ್ರಂಥದಲ್ಲಿ ಪೋಪನ ನೆಚ್ಚಿನ ವಾದವು, ಹಳೆಯ ಪಕ್ಷ ಹಿಡಿದು ಸೋಲುವ ಸಿಂಪ್ಲಿಚಿಯೊ ಎಂಬ ಪಾತ್ರದ ಬಾಯಲ್ಲಿ ಬಂದದ್ದು, ಕ್ಯಾಥೊಲಿಕ್–ಪ್ರೊಟೆಸ್ಟಂಟ್ ಕಲಹದಿಂದ ಹುಟ್ಟಿದ ಮೂವತ್ತು ವರ್ಷಗಳ ಯುದ್ಧದ ನಡುವೆ ಸ್ಪೇನಿನ ಕಡೆಯ ಕಾರ್ಡಿನಲರು ಪೋಪನನ್ನು ಧರ್ಮರಕ್ಷಣೆಯಲ್ಲಿ ಸಡಿಲನೆಂದು ಆಪಾದಿಸುತ್ತಿದ್ದದ್ದು ಎಲ್ಲವೂ ಸತ್ಯ, ಎಲ್ಲವೂ ಮುಖ್ಯ. ಆದರೆ 69 ವರ್ಷದ ವಿದ್ವಾಂಸನೊಬ್ಬನನ್ನು ಜೂನ್ 22ರಂದು ಮಂಡಿಯೂರಿಸಿ, ತಾನು ನಂಬಿದ್ದನ್ನು ಶಪಿಸುವಂತೆ ಮಾಡಿ, 1642ರಲ್ಲಿ ಸಾಯುವವರೆಗೂ ಗೃಹಬಂಧನದಲ್ಲಿ ಇಡಲಾಯಿತು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಂದಕ್ಕೆ ಹೋಗುವುದು ಸಲ್ಲದು. ಕಾರಣಗಳನ್ನು ವಿವರಿಸುವುದು ಬೇರೆ, ಹೊಣೆಯನ್ನು ಕರಗಿಸುವುದು ಬೇರೆ.

ಕೆಪ್ಲರನ ಪಾಠ ಚಿಕ್ಕದು, ಚೊಕ್ಕವಾದದ್ದು. ಗ್ರಹಚಲನೆಯ ನಿಯಮಗಳನ್ನು ಪ್ರಕಟಿಸಿದ ಈ ಚಕ್ರವರ್ತಿಯ ಗಣಿತಜ್ಞ, ಮಾಟಗಾತಿಯೆಂಬ ಆಪಾದನೆ ಹೊತ್ತ ತನ್ನ ತಾಯಿಯ ಪರವಾಗಿ ವಾದಿಸಿ, 1621ರಲ್ಲಿ ಆಕೆಯನ್ನು ಬಿಡಿಸಿಕೊಂಡ ಸಂಗತಿಯನ್ನು ಅಲಂಕಾರವಿಲ್ಲದೆ ಹೇಳಿದ್ದಾರೆ.

ನಾಯಕತ್ವದ ಭಾಗ ಇಷ್ಟು ಸಮನಾಗಿಲ್ಲ. ಇಟಲಿಯ ರಾಜಕೀಯ ಚಿಂತಕ ಮೆಕಿಯವೆಲಿಯನ್ನು ಕುರಿತ ಉಪನ್ಯಾಸ ನಿರಾಶೆ ತರುತ್ತದೆ. 1513ರಲ್ಲಿ ಬರೆದು, ಲೇಖಕನ ಮರಣಾನಂತರ 1532ರಲ್ಲಿ ಅಚ್ಚಾದ, 1559ರಲ್ಲಿ ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿದ ಅವನ ‘ದಿ ಪ್ರಿನ್ಸ್’ ಕೃತಿಯನ್ನು ಇಂದಿನ ಕಚೇರಿಗಳ ವ್ಯವಸ್ಥಾಪಕರಿಗೆ ಉಪದೇಶ ಕೊಡುವ ಧಾಟಿಯಲ್ಲಿ ನಡೆಸಿಬಿಟ್ಟಿದ್ದಾರೆ. ಸರಣಿಯ ಮೂಲ ಪ್ರಶ್ನೆ ಅಲ್ಲಿ ಕಾಣುವುದೇ ಇಲ್ಲ. ಆಳುವ ದೊರೆಯ ಪಂಥವೇ ನಾಡಿನ ಪಂಥವೆಂದ 1555ರ ಔಗ್ಸ್‌ಬರ್ಗ್ ಒಪ್ಪಂದ, ಫ್ರಾನ್ಸಿನ ಪ್ರೊಟೆಸ್ಟಂಟರಿಗೆ ಆರಾಧನೆಯ ಹಕ್ಕು ಕೊಟ್ಟ 1598ರ ನಾಂಟ್ ಶಾಸನ ಮತ್ತು ಅದನ್ನು ಹದಿನಾಲ್ಕನೆಯ ಲೂಯಿ 1685ರಲ್ಲಿ ರದ್ದುಪಡಿಸಿದ್ದು ಕೂಡ ಕೇವಲ ತಾರೀಖುಗಳಾಗಿ ಬಂದು ಹೋಗುತ್ತವೆ. ಧರ್ಮಯುದ್ಧಗಳ ರಕ್ತಪಾತವನ್ನು ಕಣ್ಣಾರೆ ಕಂಡ ಫ್ರೆಂಚ್ ಚಿಂತಕ ಬೋದ್ಯಾ 1576ರಲ್ಲಿ ಅವಿಭಾಜ್ಯ ಸಾರ್ವಭೌಮತ್ವದ ಸಿದ್ಧಾಂತವನ್ನು ಏಕೆ ಮಂಡಿಸಿದ ಎಂಬುದಕ್ಕೆ ಇನ್ನಷ್ಟು ಸಮಯ ಕೊಡಬೇಕಿತ್ತು.

ಆದರೆ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯ ಕುರಿತ ಉಪನ್ಯಾಸ ಈ ಕೊರತೆಯನ್ನೆಲ್ಲ ತುಂಬಿಕೊಡುತ್ತದೆ. ತಂದೆಯ ತಲೆಯನ್ನು 1649ರಲ್ಲಿ ಸಾರ್ವಜನಿಕವಾಗಿ ಕಡಿಯಲಾಗಿತ್ತು. ಅರಸನು ದೇವರಿಂದ ನೇಮಕಗೊಂಡವನು ಎಂಬ ಸಿದ್ಧಾಂತಕ್ಕೆ ಅದಕ್ಕಿಂತ ದೊಡ್ಡ ಪೆಟ್ಟು ಇರಲಾರದು. 1660ರಲ್ಲಿ ಸಿಂಹಾಸನಕ್ಕೆ ಮರಳಿದ ಮಗ, ರಾಜಸ್ಪರ್ಶದಿಂದ ಗಂಡಮಾಲೆ ರೋಗ ವಾಸಿಯಾಗುತ್ತದೆ ಎಂಬ ಹಳೆಯ ನಂಬಿಕೆಯಂತೆ ತನ್ನ ಆಳ್ವಿಕೆಯಲ್ಲಿ ಹತ್ತಾರು ಸಾವಿರ ರೋಗಿಗಳನ್ನು ಮುಟ್ಟಿ, ಅವರ ಕೊರಳಿಗೆ ಚಿನ್ನದ ಪದಕ ತೊಡಿಸಿದ. ಅದೇ ದೊರೆ 1662ರಲ್ಲಿ, ಯಾರ ಮಾತನ್ನೂ ಕೇವಲ ಅವರು ಹೇಳಿದರೆಂದು ನಂಬಬೇಡ ಎಂಬ ಅರ್ಥದ ಧ್ಯೇಯವಾಕ್ಯವನ್ನು ತನ್ನದಾಗಿಸಿಕೊಂಡ ರಾಯಲ್ ಸೊಸೈಟಿ ಎಂಬ ವಿಜ್ಞಾನ ಸಂಘಕ್ಕೆ ಸನ್ನದು ಕೊಟ್ಟ. ಇವೆರಡನ್ನು ವಿರೋಧಾಭಾಸವೆಂದು ನಗೆಯಾಡದೆ, ಅಲುಗಾಡಿದ ಸಿಂಹಾಸನವನ್ನು ಭದ್ರಪಡಿಸಲು ಒಬ್ಬನೇ ಮನುಷ್ಯ ಎರಡು ಕಡೆಯಿಂದಲೂ ಆಧಾರ ಹುಡುಕಿದ ಎಂದು ವಿವರಿಸಿರುವುದು ಸರಿಯಾದ ಇತಿಹಾಸದೃಷ್ಟಿ. ಮುಂದೆ ನಿಘಂಟುಕಾರನಾಗಿ ಹೆಸರಾದ ಸ್ಯಾಮ್ಯುಯೆಲ್ ಜಾನ್ಸನನನ್ನು ಬಾಲ್ಯದಲ್ಲಿ ರಾಣಿ ಆನ್ 1712ರಲ್ಲಿ ಹೀಗೆಯೇ ಮುಟ್ಟಿದ್ದಳು ಎಂಬುದನ್ನು ಕೇಳಿದಾಗ, ನ್ಯೂಟನ್ ಇನ್ನೂ ಬದುಕಿದ್ದ ಕಾಲದಲ್ಲಿ ಇದು ನಡೆಯುತ್ತಿತ್ತಲ್ಲ ಎಂದು ಬೆರಗಾಗದೆ ಇರಲಾಗದು.

ಪ್ರಯೋಗವಿಜ್ಞಾನಿ ಬಾಯ್ಲ್ ಮತ್ತು ರಾಜಕೀಯ ಚಿಂತಕ ಹಾಬ್ಸ್ ನಡುವಿನ ಜಗಳವನ್ನು ಕುರಿತ ಪಾಠವೇ ನನ್ನ ಲೆಕ್ಕದಲ್ಲಿ ಸರಣಿಯ ಶಿಖರ. ಗಾಳಿಯನ್ನು ಹೊರತೆಗೆಯುವ ಪಂಪಿನಿಂದ ಮಾಡಿದ ಪ್ರಯೋಗಗಳನ್ನು ಬಾಯ್ಲ್ 1660ರಲ್ಲಿ ಪ್ರಕಟಿಸಿದ. ಸಜ್ಜನರ ಸಮಕ್ಷಮದಲ್ಲಿ ಪ್ರಯೋಗ ನಡೆಸಿ, ಕಂಡದ್ದನ್ನು ಸೋಲುಗಳ ಸಮೇತ ಸವಿಸ್ತಾರವಾಗಿ ದಾಖಲಿಸಿದರೆ ಅದು ಎಲ್ಲರೂ ಒಪ್ಪಬಹುದಾದ ಸಂಗತಿಯಾಗುತ್ತದೆ, ಅದರ ಕಾರಣದ ಬಗ್ಗೆ ಮಾತ್ರ ಸಭ್ಯವಾಗಿ ಭಿನ್ನಾಭಿಪ್ರಾಯ ಇಟ್ಟುಕೊಳ್ಳಬಹುದು ಎಂಬುದು ಅವನ ನಿಲುವು. ಹತ್ತು ವರ್ಷ ಹಿಂದಷ್ಟೆ, 1651ರಲ್ಲಿ, ಶಾಂತಿಗಾಗಿ ಒಂದೇ ಸಾರ್ವಭೌಮ ಅಧಿಕಾರ ಬೇಕೆಂದು ವಾದಿಸುವ ‘ಲೆವಯಥನ್’ ಪ್ರಕಟಿಸಿದ್ದ ಹಾಬ್ಸ್ ಇದನ್ನು 1661ರಲ್ಲಿ ಕಟುವಾಗಿ ಟೀಕಿಸಿದ. ಪಂಪು ಸೋರುತ್ತದೆ ಎಂಬುದು ಅವನ ಒಂದು ಆಕ್ಷೇಪ. ಸಾಕ್ಷಿಗಳಾಗಿ ಯಾರನ್ನು ಒಳಗೆ ಬಿಡಬೇಕೆಂದು ನಿರ್ಧರಿಸುವವರು ಯಾರು, ಇದು ಸಾರ್ವಜನಿಕ ಜ್ಞಾನವಾಗುವುದು ಹೇಗೆ ಎಂಬುದು ಇನ್ನೊಂದು, ಮತ್ತು ಹೆಚ್ಚು ಆಳವಾದದ್ದು. ಆತ್ಮದ ವಿಷಯದಲ್ಲಿ ತಮ್ಮ ಮಾತೇ ಕೊನೆಯದೆಂದ ಪುರೋಹಿತರಿಂದಾಗಿ ದೇಶ ಅಂತರ್ಯುದ್ಧಕ್ಕೆ ಬಿದ್ದಿತು ಎಂದು ನಂಬಿದ್ದವನಿಗೆ, ಪ್ರಕೃತಿಯ ವಿಷಯದಲ್ಲಿ ಅಂಥದೇ ಹಕ್ಕು ಕೇಳುವ ಇನ್ನೊಂದು ಸ್ವತಂತ್ರ ಮಂಡಳಿ ಅಪಾಯಕಾರಿಯಾಗಿ ಕಂಡಿತು. ಒಂದು ಗಾಜಿನ ಬುರುಡೆಯೊಳಗೆ ಗಾಳಿ ಇದೆಯೇ ಇಲ್ಲವೇ ಎಂಬ ವಿವಾದದಲ್ಲಿ ರಾಜ್ಯದ ಶಾಂತಿಯ ಪ್ರಶ್ನೆ ಅಡಗಿತ್ತು ಎಂಬುದನ್ನು ಇಷ್ಟು ತಿಳಿಯಾಗಿ ಬಿಡಿಸಿದ ಪಾಠವನ್ನು ನಾನು ಬೇರೆ ಕಡೆ ಕೇಳಿಲ್ಲ. ಸಾಕ್ಷಿಯಾಗುವ ಅರ್ಹತೆ ಯಾರಿಗಿತ್ತು ಎಂಬುದಕ್ಕೆ ಲೇಖಕಿ ಹಾಗೂ ಚಿಂತಕಿ ಮಾರ್ಗರೆಟ್ ಕ್ಯಾವೆಂಡಿಷ್ 1667ರಲ್ಲಿ ರಾಯಲ್ ಸೊಸೈಟಿಗೆ ಕೊಟ್ಟ ಭೇಟಿಯನ್ನು ಉದಾಹರಿಸಿದ್ದಾರೆ. ಪ್ರಾಯೋಗಿಕ ತತ್ತ್ವಜ್ಞಾನದ ಮೇಲೆ ಆಗಲೇ ವಿಮರ್ಶೆ ಬರೆದಿದ್ದ ಆಕೆಗೆ ಪ್ರಯೋಗಗಳನ್ನು ತೋರಿಸಿ ಕಳುಹಿಸಲಾಯಿತು. ಆ ಸಂಸ್ಥೆ ಮಹಿಳೆಯರನ್ನು ಸದಸ್ಯರನ್ನಾಗಿ ಆರಿಸಿದ್ದು 1945ರಲ್ಲಿ.

ನ್ಯೂಟನನ ಕುರಿತು ನಿರೀಕ್ಷಿತವಾದದ್ದೆಲ್ಲ ಇದೆ, ಹೊಸದೇನೂ ಇಲ್ಲ.

ಸರಣಿಯ ವಿವರಣೆಯಲ್ಲಿ ‘ಜಗತ್ತು’ ಎಂಬ ಮಾತಿದ್ದರೂ ಯುರೋಪಿನ ಆಚೆಗೆ ಮೀಸಲಾಗಿರುವುದು ಒಂದೇ ಉಪನ್ಯಾಸ. ಅದರಲ್ಲಿ ಅಕ್ಬರನ ಪ್ರಸ್ತಾಪ ಚೆನ್ನಾಗಿದೆ. ಫತೇಪುರ್ ಸಿಕ್ರಿಯ ಇಬಾದತ್ ಖಾನಾದಲ್ಲಿ 1575ರಿಂದ ನಡೆದ ಧರ್ಮಚರ್ಚೆಗಳು, ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಬಂದಾಗ ಬಾದಶಹನು ಆರಿಸಿದ ಅಭಿಪ್ರಾಯವೇ ಮಾನ್ಯವೆಂದು ಉಲೇಮಾಗಳು ಸಹಿ ಹಾಕಿದ 1579ರ ಘೋಷಣೆ, ಇವು ಎಂಟನೆಯ ಹೆನ್ರಿಯು 1534ರಲ್ಲಿ ಚರ್ಚಿನ ಮುಖ್ಯಸ್ಥನಾದ ಕ್ರಮದ ಪಕ್ಕದಲ್ಲಿಟ್ಟು ನೋಡಬೇಕಾದ ಸಂಗತಿಗಳೇ. ಆದರೆ ಒಟ್ಟೊಮನ್ ರಾಜಧಾನಿ ಇಸ್ತಾಂಬುಲಿನಲ್ಲಿ ಖಗೋಳಜ್ಞ ತಕಿಯುದ್ದೀನ್ 1577ರ ಹೊತ್ತಿಗೆ ಕಟ್ಟಿಸಿದ ವೀಕ್ಷಣಾಲಯವನ್ನು 1580ರಲ್ಲಿ ಕೆಡವಿದ್ದನ್ನು ಮಾತ್ರ ಮತಾಂಧತೆ ವಿಜ್ಞಾನವನ್ನು ನಾಶಮಾಡಿದ ಕಥೆಯಾಗಿ ಹೇಳಿ ಮುಗಿಸಿದ್ದಾರೆ. ಅದರ ಬೆನ್ನಿಗಿದ್ದ ಪ್ರಧಾನಿ ಸೊಕೊಲ್ಲು ಮೆಹ್ಮದ್ ಪಾಷಾ ಹಿಂದಿನ ವರ್ಷವಷ್ಟೆ ಕೊಲೆಯಾಗಿದ್ದ; ಅರಮನೆಯೊಳಗಿನ ಬಣಗಳ ಕಚ್ಚಾಟಕ್ಕೂ ಇದರಲ್ಲಿ ಪಾಲಿತ್ತು. ಡೆನ್ಮಾರ್ಕಿನಲ್ಲಿ ರಾಜಾಶ್ರಯ ತಪ್ಪಿದಾಗ ಟೈಕೊ ಬ್ರಾಹೆಯೂ 1597ರಲ್ಲಿ ತನ್ನ ದ್ವೀಪದ ವೀಕ್ಷಣಾಲಯವನ್ನು ಬಿಟ್ಟು ಹೊರಟವನೇ. ರೋಮಿಗೆ ಹನ್ನೆರಡು ಕಾರಣಗಳನ್ನು ಹುಡುಕಿಕೊಟ್ಟ ತಾಳ್ಮೆಯ ಅರ್ಧವನ್ನಾದರೂ ಇಸ್ತಾಂಬುಲಿಗೆ ತೋರಿಸಬಾರದಿತ್ತೇ? ಇಡೀ ಸರಣಿಯ ಅತಿ ಗಂಭೀರ ದೋಷ ಇದೇ, ಏಕೆಂದರೆ ತಾನೇ ತಿರಸ್ಕರಿಸಿದ ಅಳತೆಗೋಲನ್ನು ಅದು ಪರರಿಗೆ ಬಳಸುತ್ತದೆ.

ತಾಂತ್ರಿಕ ವಿಷಯಗಳಲ್ಲಿ ಹೇಳುವುದು ಕಡಿಮೆ. ಧ್ವನಿ ಸ್ಪಷ್ಟವಾಗಿದೆ, ಮೂಲಗ್ರಂಥಗಳಿಂದ ಆರಿಸಿದ ಭಾಗಗಳ ಸಂಪುಟ ಹೊರೆಯಾಗದಷ್ಟು ಗಾತ್ರದಲ್ಲಿದೆ. ಪ್ರತಿ ಪಾಠದ ಕೊನೆಯ ಪ್ರಶ್ನಾವಳಿಯು ಇಸವಿಗಳನ್ನಷ್ಟೆ ಕೇಳುವುದರಿಂದ, ಅಷ್ಟು ಸೂಕ್ಷ್ಮವಾಗಿ ವಾದ ಕಟ್ಟಿದ ಉಪನ್ಯಾಸಕ್ಕೂ ಅದಕ್ಕೂ ಸಂಬಂಧವೇ ಇಲ್ಲವೆನಿಸುತ್ತದೆ. ತಾನಾಗಿ ಮೂಡುವ ಅಡಿಬರಹಗಳು ಲ್ಯಾಟಿನ್ ಮತ್ತು ಇಟಾಲಿಯನ್ ಹೆಸರುಗಳನ್ನು ಗುರುತೇ ಸಿಗದಂತೆ ಕೆಡಿಸುತ್ತವೆ. ಹೆಸರುಗಳ ಪರಿಚಯ ಇಲ್ಲದವರು ಸಂಪುಟವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ನೋಡುವುದು ಒಳ್ಳೆಯದು. ಪದವಿ ತರಗತಿಗಳಲ್ಲಿ ಯುರೋಪಿನ ಇತಿಹಾಸ ಓದಿದವರಿಗೆ, ಅದನ್ನು ಕಲಿಸುವವರಿಗೆ ನಾನಿದನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ವಿಷಯಕ್ಕೆ ಹೊಸಬರಾದವರು ಧರ್ಮಸುಧಾರಣೆಯ ಸಾಮಾನ್ಯ ಇತಿಹಾಸವೊಂದನ್ನು ಮೊದಲು ಓದಿಕೊಳ್ಳಬೇಕು, ಏಕೆಂದರೆ ಲೂಥರ್ ಯಾರು ಎಂದು ವಿವರಿಸಲು ಇಲ್ಲಿ ಯಾರೂ ನಿಲ್ಲುವುದಿಲ್ಲ. ಸಮಯ ಕಡಿಮೆ ಇರುವವರು ಪಂಚಾಂಗ, ಗೆಲಿಲಿಯೊ, ಎರಡನೆಯ ಚಾರ್ಲ್ಸ್ ಮತ್ತು ಬಾಯ್ಲ್–ಹಾಬ್ಸ್ ಪಾಠಗಳನ್ನಷ್ಟೆ ನೋಡಿ, ಮೆಕಿಯವೆಲಿಯನ್ನು ಬಿಟ್ಟುಬಿಡಬಹುದು. ಮೂಲಗ್ರಂಥಗಳ ಸಂಪುಟವನ್ನು ಚಂದಾ ಮುಗಿಯುವ ಮೊದಲೇ ಇಳಿಸಿಕೊಳ್ಳಿ. ಅವಧಿ ಕಳೆದ ಮೇಲೆ ಅದು ತೆರೆಯುವುದಿಲ್ಲ.